ಗಾಂಧಾರಿ ಹುಬ್ಬಳ್ಳಿಯ ತಟ್ಟೆ: ವೇಗ ತಪ್ಪಿದೆಯೇ, ದನಿಯೇ ಹಾಗಿದೆಯೇ?

ಪ್ರಶ್ನೆ (ಡೊಂಬಿವಲಿಯಿಂದ)

ಎಲ್ಲರಿಗೂ ನಮಸ್ಕಾರ. ಧಾರವಾಡದಿಂದ ಬಂದು ಗಿರಗಾಂವ್‌ನಲ್ಲಿ ನೆಲೆಸಿದ್ದ ನನ್ನ ಸೋದರಮಾವನವರು ಕೂಡಿಟ್ಟಿದ್ದ ಗ್ರಾಮಫೋನ್ ತಟ್ಟೆಗಳು ಈಗ ನನ್ನ ಮನೆಗೆ ಬಂದಿವೆ. ಹೆಚ್ಚಿನವು ಎಪ್ಪತ್ತೆಂಟರ ವೇಗದವು (ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ತಟ್ಟೆಗಳು); ಅಬ್ದುಲ್ ಕರೀಂ ಖಾನ್, ಹೀರಾಬಾಯಿ ಬಡೋದೇಕರ್, ಬಾಲಗಂಧರ್ವರ ಹೆಸರುಗಳಿವೆ. ಕೆಲವು ಎಲ್.ಪಿ.ಗಳೂ (ಹೆಚ್ಚು ಹೊತ್ತು ಹಾಡುವ ವಿನೈಲ್ ತಟ್ಟೆಗಳು) ಇವೆ. ಎಚ್.ಎಂ.ವಿ.ಯ ಒಂದು ತಟ್ಟೆಯ ಮೇಲೆ ಗಾಂಧಾರಿ ಹುಬ್ಬಳ್ಳಿ ಎಂದು ಅಚ್ಚಾಗಿದ್ದು, ಅದು ಗಂಗೂಬಾಯಿ ಹಾನಗಲ್ಲರದೇ ಎಂದು ಹಿರಿಯರು ಹೇಳುತ್ತಾರೆ. ಆದರೆ ನುಡಿಸಿದಾಗ ಕೇಳಿಬರುವ ದನಿ ತೆಳುವಾಗಿದೆ, ಎತ್ತರದ ಶ್ರುತಿಯಲ್ಲಿದೆ. ನಾನು ಬಲ್ಲ ಗಂಗೂಬಾಯಿಯವರ ಘನವಾದ ಕಂಠಕ್ಕೂ ಅದಕ್ಕೂ ಹೋಲಿಕೆಯೇ ಇಲ್ಲ. ನನ್ನ ಯಂತ್ರವೇ ವೇಗವಾಗಿ ಓಡುತ್ತಿದೆಯೇ? ಈ ತಟ್ಟೆಗಳನ್ನು ಸ್ವಚ್ಛಗೊಳಿಸುವ ಸರಿಯಾದ ಕ್ರಮವನ್ನೂ ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ಪುಣೆ, ಕೋಥರೂಡ್)

ಮಾನ್ಯರೇ, ತಮ್ಮ ಕೈಗೆ ಬಂದಿರುವುದು ಬಹಳ ಬೆಲೆಯುಳ್ಳ ತಟ್ಟೆ. ನಾನು ಹಣದ ಮಾತನ್ನು ಆಡುತ್ತಿಲ್ಲ. 1913ರಲ್ಲಿ ಹುಟ್ಟಿದ ಗಂಗೂಬಾಯಿಯವರು 1930ರ ದಶಕದ ಆರಂಭದಲ್ಲಿ, ಇನ್ನೂ ಎಳೆಯ ವಯಸ್ಸಿನಲ್ಲಿ, ಮುಂಬಯಿಗೆ ಬಂದು ಹಾಡಿದ ಧ್ವನಿಮುದ್ರಣಗಳು ಗಾಂಧಾರಿ ಎಂಬ ಹೆಸರಿನಲ್ಲಿ ಹೊರಬಂದವು. ಆಗ ಅವರ ದನಿ ನಿಜವಾಗಿಯೂ ತೆಳುವಾಗಿತ್ತು, ಮೇಲಿನ ಶ್ರುತಿಗೆ ಸಲೀಸಾಗಿ ಏರುತ್ತಿತ್ತು. ಮುಂದೆ ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಅದು ಗಡುಸಾಗಿ, ಗಂಡುದನಿಯೆನ್ನಿಸುವಷ್ಟು ಘನವಾಯಿತು. ನಾವೆಲ್ಲ ಸವಾಯಿ ಗಂಧರ್ವ ಮಹೋತ್ಸವದಲ್ಲಿಯೂ ಆಕಾಶವಾಣಿಯಲ್ಲಿಯೂ ಕೇಳಿದ್ದು ಆ ಎರಡನೆಯ ಕಂಠವನ್ನು. ಮೊದಲನೆಯದು ಉಳಿದಿರುವುದು ಇಂಥ ಅರಗಿನ ತಟ್ಟೆಗಳಲ್ಲಿಯೇ. ಆದ್ದರಿಂದ ದನಿ ತೆಳುವೆಂಬ ಒಂದೇ ಕಾರಣಕ್ಕೆ ವೇಗವನ್ನು ತಗ್ಗಿಸಿ ಅದನ್ನು ತಮಗೆ ಪರಿಚಿತವಾದ ಗಂಗೂಬಾಯಿಯನ್ನಾಗಿ ಮಾಡಬೇಡಿ.

ಆದರೂ ಯಂತ್ರವನ್ನು ಪರೀಕ್ಷಿಸುವುದು ಅಗತ್ಯ. ಶ್ರುತಿ ಅರ್ಧ ಸ್ವರದಷ್ಟು ಮೇಲೇರಲು ವೇಗ ಸುಮಾರು ನೂರಕ್ಕೆ ಆರರಷ್ಟು ಹೆಚ್ಚಿದರೆ ಸಾಕು. ಅಂದರೆ ನಿಮಿಷಕ್ಕೆ 78 ಸುತ್ತುವ ತಟ್ಟೆ 82-83 ಸುತ್ತಿದರೆ ಪೇಟಿಯ (ಹಾರ್ಮೋನಿಯಂ) ನಾಲ್ಕನೆಯ ಬಿಳಿ ಮನೆಯ ಷಡ್ಜ ಪಕ್ಕದ ಮೂರನೆಯ ಕರಿ ಮನೆಯದಾಗಿ ಕೇಳುತ್ತದೆ. ಸುತ್ತಲೂ ಗೆರೆಗಳಿರುವ, ಯಂತ್ರದ ಮೇಲಿಟ್ಟು ತಿರುಗಿಸುವ ಸ್ಟ್ರೋಬ್ ಬಿಲ್ಲೆಯಿಂದ ಮೋಟರಿನ ವೇಗ ತಿಳಿಯುತ್ತದೆ. ನಮ್ಮ 50 ಹರ್ಟ್ಸ್ ವಿದ್ಯುತ್ತಿಗೆ 77 ಗೆರೆಗಳಿರುವ ಬಿಲ್ಲೆ ಬೇಕು. ಹಳೆಯ ಚೋಕ್ ಇರುವ ಟ್ಯೂಬ್‌ಲೈಟಿನ ಕೆಳಗೆ ಗೆರೆಗಳು ನಿಂತಂತೆ ಕಂಡರೆ ವೇಗ ಸರಿಯಿದೆಯೆಂದು ತಿಳಿಯಿರಿ. ಈಗಿನ ಅನೇಕ ಎಲ್.ಇ.ಡಿ. ದೀಪಗಳಲ್ಲಿ ಈ ಪರೀಕ್ಷೆ ನಡೆಯುವುದಿಲ್ಲ. ಇಷ್ಟಾದ ಮೇಲೂ ಕಿವಿಯ ಸಾಕ್ಷ್ಯ ಬೇಕು, ಏಕೆಂದರೆ ಹಳೆಯ ಧ್ವನಿಮುದ್ರಣಗಳಲ್ಲಿ, ಅದರಲ್ಲಿಯೂ ಮೈಕ್ ಬರುವ ಮುನ್ನ ಕಹಳೆಯ ಮುಂದೆ ಹಾಡಿಸುತ್ತಿದ್ದ ಕಾಲದವುಗಳಲ್ಲಿ, ಮುದ್ರಣದ ವೇಗವೇ 78ಕ್ಕಿಂತ ಹೆಚ್ಚು ಕಡಿಮೆ ಇರುತ್ತಿತ್ತು. ಪಕ್ಕವಾದ್ಯವಾಗಿ ಪೇಟಿ ಇದ್ದರೆ ಅದರ ಷಡ್ಜ ಯಾವುದಾದರೊಂದು ಮನೆಗೆ ಸರಿಯಾಗಿ ಕೂರುತ್ತದೆಯೇ ನೋಡಿ, ಅನಂತರ ಹಾಡಿನ ವ್ಯಂಜನಗಳನ್ನು ಗಮನಿಸಿ: ವೇಗ ಹೆಚ್ಚಾಗಿದ್ದರೆ ಉಚ್ಚಾರ ಅವಸರದ್ದಾಗಿ ಕೇಳುತ್ತದೆ, ತಾನಗಳು ಅಸಹಜವಾಗಿ ಚುರುಕಾಗುತ್ತವೆ.

ಮುಳ್ಳಿನ ವಿಷಯ ಇನ್ನೂ ಮುಖ್ಯ. ಎಪ್ಪತ್ತೆಂಟರ ತಟ್ಟೆಯ ಗೆರೆ ಅಗಲವಾದದ್ದು, ಅದಕ್ಕೆ ಸುಮಾರು 3 ಮಿಲ್ (ಮಿಲ್ ಎಂದರೆ ಅಂಗುಲದ ಸಾವಿರದಲ್ಲೊಂದು ಪಾಲು) ತುದಿಯ ಮುಳ್ಳು ಬೇಕು. ಎಲ್.ಪಿ.ಯ ಮುಳ್ಳು ಒಂದು ಮಿಲ್ ಅಥವಾ ಅದಕ್ಕಿಂತ ಸಣ್ಣದು. ಅದನ್ನೇ ಅರಗಿನ ತಟ್ಟೆಗೆ ಹಚ್ಚಿದರೆ ಅದು ಗೆರೆಯ ತಳದ ಕೊಳೆಯಲ್ಲಿ ಉಜ್ಜುತ್ತಾ ಹೋಗುತ್ತದೆ, ಹಾಡಿಗಿಂತ ಕರಕರ ಸದ್ದೇ ಹೆಚ್ಚಾಗುತ್ತದೆ. ಕೀಲಿ ಕೊಡುವ ಹಳೆಯ ಗ್ರಾಮಫೋನಿನಲ್ಲಿ ಎಲ್.ಪಿ.ಯನ್ನು ಎಂದಿಗೂ ಇಡಬೇಡಿ, ಆ ಉಕ್ಕಿನ ಮುಳ್ಳಿನ ಭಾರಕ್ಕೆ ವಿನೈಲ್ ಒಂದೇ ಸಲಕ್ಕೆ ಹಾಳಾಗುತ್ತದೆ.

ಉತ್ತರ (ಗೋವಾ, ಮಡಗಾಂವ್)

ಪುಣೆಯ ಹಿರಿಯರು ಹೇಳಿದ್ದನ್ನು ಪೂರ್ಣವಾಗಿ ಒಪ್ಪುತ್ತೇನೆ. ಸ್ವಚ್ಛತೆಯ ಬಗ್ಗೆ ಒಂದು ಎಚ್ಚರಿಕೆ ಮಾತ್ರ ಸೇರಿಸುತ್ತೇನೆ: ಅರಗಿನ ತಟ್ಟೆಗೆ ಸ್ಪಿರಿಟ್ ತಾಗಿಸಲೇಬಾರದು, ಅರಗು ಅದರಲ್ಲಿ ಕರಗುತ್ತದೆ. ವಿನೈಲ್‌ಗೆಂದು ಮಾರುವ ದ್ರಾವಣಗಳಲ್ಲಿ ಆಲ್ಕೋಹಾಲ್ ಇರುವುದುಂಟು, ಆದ್ದರಿಂದ ಬಾಟಲಿಯ ಮೇಲಿನ ಬರಹವನ್ನು ಓದಿಯೇ ಬಳಸಬೇಕು. ಬಟ್ಟಿ ಇಳಿಸಿದ ನೀರಿಗೆ ಒಂದೆರಡು ಹನಿ ಸೌಮ್ಯವಾದ ಸಾಬೂನು ಬೆರೆಸಿ, ಮೆದುವಾದ ಬ್ರಷ್ಷಿನಿಂದ ಗೆರೆಯ ಜಾಡಿನಲ್ಲಿಯೇ ಸುತ್ತಾಗಿ ಒರೆಸಿ, ಲೇಬಲ್ ನೆನೆಯದಂತೆ ನೋಡಿಕೊಂಡು ಕೂಡಲೇ ಒಣಗಿಸಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಹಳೆಯ ಕಾಗದದ ಚೀಲಗಳಿಗೆ ಬೂಷ್ಟು ಹಿಡಿದು ಅಲ್ಲಿಂದ ತಟ್ಟೆಗೆ ದಾಟುತ್ತದೆ. ಚೀಲಗಳನ್ನು ಬದಲಿಸಿ, ತಟ್ಟೆಗಳನ್ನು ನೆಟ್ಟಗೆ ನಿಲ್ಲಿಸಿ, ಹೊರಗೋಡೆಗೆ ತಾಗದ ಕಪಾಟಿನಲ್ಲಿಡಿ. ಹತ್ತಿಂಚಿನ ನೂರು ತಟ್ಟೆಗಳ ಸಾಲು 20 ಕಿಲೋ ಮುಟ್ಟುತ್ತದೆ, ಹಲಗೆ ಗಟ್ಟಿಯಿರಲಿ.

ಪ್ರಶ್ನಿಸಿದವರಿಂದ

ಇಬ್ಬರಿಗೂ ಕೃತಜ್ಞತೆಗಳು. ಪೇಟಿಯೊಂದಿಗೆ ಹೋಲಿಸಿ ನೋಡಿದೆ, ಷಡ್ಜ ಸರಿಯಾಗಿ ಕೂರುತ್ತಿದೆ. ದನಿಯೇ ಹಾಗಿದೆ ಎಂದು ಈಗ ನಂಬಿಕೆ ಬಂದಿದೆ. ಇನ್ನೊಂದು ಸಂದೇಹವಿದೆ. ಒಂದು ಬದಿಗೆ ಮೂರು ಮೂರೂವರೆ ನಿಮಿಷವಷ್ಟೇ ಹಾಡುವ ಈ ತಟ್ಟೆಗಳನ್ನು ಬಿಟ್ಟು ಇಪ್ಪತ್ತು ನಿಮಿಷ ಹಾಡುವ ಎಲ್.ಪಿ.ಗಳನ್ನೇ ಮುಂದೆ ಸಂಗ್ರಹಿಸಿರೆಂದು ಚೋರ್ ಬಜಾರ್‌ನ ಒಬ್ಬ ವ್ಯಾಪಾರಿ ಹೇಳುತ್ತಿದ್ದಾರೆ. ತಾವೇನೆನ್ನುತ್ತೀರಿ?

ಉತ್ತರ (ಮುಂಬಯಿ, ಮಾಟುಂಗಾ)

ಎಲ್.ಪಿ.ಗಳನ್ನು ಖಂಡಿತ ಕೊಳ್ಳಿ. ವಿಲಂಬಿತ ಖಯಾಲಿನ ಬಡಹತ್ (ರಾಗವನ್ನು ನಿಧಾನವಾಗಿ ಬೆಳೆಸುವ ಕ್ರಮ) ಅಲ್ಲಿಯೇ ಸಿಗುತ್ತದೆ. ಆದರೆ ಎಪ್ಪತ್ತೆಂಟರ ತಟ್ಟೆಯನ್ನು ಮೊಟಕುಗೊಂಡ ಕಛೇರಿಯೆಂದು ಭಾವಿಸುವುದು ಅನ್ಯಾಯ. 1937ರಲ್ಲಿ ತೀರಿಕೊಂಡ ಅಬ್ದುಲ್ ಕರೀಂ ಖಾನರು ಎಲ್.ಪಿ.ಯನ್ನು ಕಾಣಲೇ ಇಲ್ಲ. ಝಿಂಜೋಟಿಯ ‘ಪಿಯಾ ಬಿನ್’ ಠುಮ್ರಿಯಲ್ಲಿ ಅವರು ರಾಗದ ಜೀವಸ್ವರಗಳನ್ನು ಮೊದಲ ಕ್ಷಣದಿಂದಲೇ ಹಿಡಿದು, ಒಂದು ಮುರ್ಕಿಯನ್ನೂ (ಚುರುಕಾದ ಸ್ವರಾಲಂಕಾರ) ಪೋಲು ಮಾಡದೆ ಹಾಡನ್ನು ಮುಗಿಸುವ ಪರಿಯನ್ನು ಕೇಳಿ: ಆ ಮಿತಿಗೆಂದೇ ಕಟ್ಟಿದ ಹಾಡುಗಾರಿಕೆ ಅದು. 1977ರಲ್ಲಿ ವಾಯೇಜರ್ ನೌಕೆಗಳೊಂದಿಗೆ ಬಾಹ್ಯಾಕಾಶಕ್ಕೆ ಹೋದ ಕೇಸರ್‌ಬಾಯಿ ಕೇರ್ಕರರ ಭೈರವಿಯ ಅವಧಿಯೂ ಮೂರೂವರೆ ನಿಮಿಷವೇ.

ತಾವು ಈಗ ಮಾಡಬೇಕಾದ ಕೆಲಸವೆಂದರೆ ಪಟ್ಟಿ. ಲೇಬಲ್ಲಿನ ಮೇಲಿನ ಮಾರಾಟದ ಸಂಖ್ಯೆ ಸಾಲದು. ಗೆರೆ ಮುಗಿದು ಲೇಬಲ್ ಆರಂಭವಾಗುವ ನಡುವಿನ ನುಣುಪಾದ ಜಾಗದಲ್ಲಿ ಒತ್ತಿರುವ ಮಾತೃಕೆಯ ಸಂಖ್ಯೆಯನ್ನೂ ಬರೆದಿಡಿ. ಅದೇ ಧ್ವನಿಮುದ್ರಣ ಬೇರೆ ಸಂಖ್ಯೆಯಲ್ಲಿ ಮರಳಿ ಹೊರಬಂದಿದ್ದರೂ ಅದರಿಂದ ಗುರುತು ಸಿಗುತ್ತದೆ. ಮುಂಬಯಿಯಲ್ಲಿ 1990ರಲ್ಲಿ ಆರಂಭವಾದ ಸೊಸೈಟಿ ಆಫ್ ಇಂಡಿಯನ್ ರೆಕಾರ್ಡ್ ಕಲೆಕ್ಟರ್ಸ್ ಹೊರತಂದ ‘ದಿ ರೆಕಾರ್ಡ್ ನ್ಯೂಸ್’ ಸಂಚಿಕೆಗಳಲ್ಲಿ ಕಲಾವಿದರ ತಟ್ಟೆಗಳ ಪಟ್ಟಿಗಳಿವೆ, ತಮ್ಮದನ್ನು ಅವುಗಳೊಂದಿಗೆ ತಾಳೆ ನೋಡಬಹುದು.

ಪಟ್ಟಿಯಾದೊಡನೆ ಗಾಂಧಾರಿಯ ತಟ್ಟೆಯಿಂದಲೇ ಡಿಜಿಟಲ್ ಪ್ರತಿ ತೆಗೆಯಲು ಆರಂಭಿಸಿ. ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷಗಳವರೆಗೆ ಮಾತ್ರ ಇರುವುದರಿಂದ, 1930ರ ದಶಕದ ಧ್ವನಿಮುದ್ರಣಕ್ಕೆ ಆ ಅಡ್ಡಿಯಿಲ್ಲ. ಗೀರಿನ ಸದ್ದನ್ನು ಅಳಿಸದ ಮೂಲ ಪ್ರತಿಯೊಂದನ್ನು ಹಾಗೆಯೇ ಇಟ್ಟುಕೊಂಡು, ಯಾವ ವೇಗದಲ್ಲಿ, ಎಷ್ಟು ಮಿಲ್ ಮುಳ್ಳಿನಿಂದ ತೆಗೆದದ್ದೆಂಬುದನ್ನು ಕಡತದ ಹೆಸರಿನಲ್ಲಿಯೇ ಬರೆಯಿರಿ.