ಬೈಡನ್ ಹಿಂದೆ ಸರಿದ ಬೆಳಿಗ್ಗೆ, ನಮ್ಮ ಮನೆ ಗ್ರೂಪಿನಲ್ಲಿ

ನಮ್ಮ ಮನೆ ಗ್ರೂಪಿಗೆ ನಾನೇ ಅಡ್ಮಿನ್. ತಮ್ಮನ ಮದುವೆಗೆ ಎಷ್ಟು ಬಸ್ಸು ಬೇಕು ಅಂತ ತಲೆ ಎಣಿಸೋಕೆ ಮಾಡಿದ ಗ್ರೂಪು. ಬಸ್ಸು ವಾಪಸ್ ಬಂದು ಆರು ವರ್ಷ ಆಯ್ತು, ಗ್ರೂಪು ಇನ್ನೂ ನಿಂತಿಲ್ಲ. ಒಟ್ಟು 39 ಜನ. ಅದರಲ್ಲಿ ಮಾತಾಡೋರು ಏಳು, ಕೈ ಮುಗಿಯೋರು ಹತ್ತು, ಉಳಿದವರು ಓದಿ ಫೋನ್ ಮಾಡಿ ನಗೋರು.

2024ರ ಜುಲೈ 22, ಸೋಮವಾರ. ಹಿಂದಿನ ರಾತ್ರಿ ನಮ್ಮ ಗಡಿಯಾರದಲ್ಲಿ ಹನ್ನೊಂದೂ ಕಾಲರ ಹೊತ್ತಿಗೆ ಅಮೆರಿಕದ ಅಧ್ಯಕ್ಷರಾಗಿದ್ದ ಜೋ ಬೈಡನ್ ಅಧ್ಯಕ್ಷ ಚುನಾವಣೆಯ ಸ್ಪರ್ಧೆಯಿಂದ ಹಿಂದೆ ಸರಿದಿದ್ದರು. ಅಷ್ಟೊತ್ತಿಗೆ ದಾವಣಗೆರೆ, ಹರಿಹರ, ದುರ್ಗ ಎಲ್ಲಾ ಮಲಗಿತ್ತು. ಬೆಳಿಗ್ಗೆ 6:10ಕ್ಕೆ ಮಂಜಣ್ಣ ಚಿಕ್ಕಪ್ಪ (ಎಪಿಎಂಸಿಯಲ್ಲಿ ಮೆಕ್ಕೆಜೋಳದ ಮಂಡಿ, ಆರೂವರೆಗೆ ವಾಕಿಂಗ್, ಅದಕ್ಕೆ ಮುಂಚೆ ಫಾರ್ವರ್ಡ್) ಇದನ್ನ ತಳ್ಳಿದರು. ಮೇಲೆ ಎರಡು ಬಾಣದ ಗುರುತು, ‘ಹಲವು ಬಾರಿ ಫಾರ್ವರ್ಡ್ ಮಾಡಲಾಗಿದೆ’:

“ಅಮೆರಿಕದಲ್ಲಿ ಅಲ್ಲೋಲ ಕಲ್ಲೋಲ!! ಬೈಡನ್ ಹೋದ್ರೂ ಹೆಸರು ಹೋಗಲ್ಲ!! ಅಲ್ಲಿನ ಸಂವಿಧಾನದ ಪ್ರಕಾರ ಚುನಾವಣೆಗೆ 120 ದಿನ ಇರುವಾಗ ಅಭ್ಯರ್ಥಿ ಬದಲಾಯಿಸುವಂತಿಲ್ಲ. ಬ್ಯಾಲೆಟ್ ಪೇಪರ್ ಆಗಲೇ ಪ್ರಿಂಟ್ ಆಗಿದೆ. ಕಮಲಾ ಹ್ಯಾರಿಸ್‌ಗೆ ಹಾಕಿದ ಓಟು ಎಲ್ಲಾ ವೇಸ್ಟ್. ಯಾವ ಟಿವಿಯವರೂ ಹೇಳಲ್ಲ. ಪಾಠ: ವಯಸ್ಸಾದ ಹಿರಿಯರು ತಾವಾಗಿಯೇ ಜಾಗ ಬಿಟ್ಟುಕೊಡಬೇಕು. ಎಳೆದು ಇಳಿಸುವ ತನಕ ಕಾಯಬಾರದು. 🙏 ಹತ್ತು ಜನಕ್ಕೆ ಕಳಿಸಿ.”

ಹುಬ್ಬಳ್ಳಿ ನಾಗರಾಜ ಮಾವ: ಶುಭೋದಯ. ಓಂ ನಮಃ ಶಿವಾಯ.

(ಮಾವ ಯಾವುದಕ್ಕೂ ಇದನ್ನೇ ಹಾಕುತ್ತಾರೆ. ಸಾವಿನ ಸುದ್ದಿ ಕೆಳಗೂ ಒಮ್ಮೆ ಹಾಕಿದ್ದರು.)

ವಿನಯ: ಚಿಕ್ಕಪ್ಪ, ಮೂಲ ಏನು? ಸಂವಿಧಾನದ ಯಾವ ಆರ್ಟಿಕಲ್? ಅಮೆರಿಕದ ಸಂವಿಧಾನದಲ್ಲಿ ಪಾರ್ಟಿ ಅನ್ನೋ ಮಾತೇ ಇಲ್ಲ, ಅಭ್ಯರ್ಥಿ ಬದಲಾಯಿಸೋದು ಎಲ್ಲಿಂದ ಬರುತ್ತೆ?

ವಿನಯ ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದಾನೆ. ಅಲ್ಲಿ ಇನ್ನೂ ಭಾನುವಾರ ರಾತ್ರಿ. ಹೆಂಡತಿ ಮಕ್ಕಳು ಮಲಗಿದ ಮೇಲೆ ನಮ್ಮ ತಪ್ಪು ತಿದ್ದೋದು ಅವನ ಹವ್ಯಾಸ.

ಮಂಜಣ್ಣ ಚಿಕ್ಕಪ್ಪ: ಬಂದಿದ್ದು ಕಳಿಸಿದೆ ಮಾರಾಯ. ಅಮೆರಿಕಕ್ಕೆ ಹೋದ್ಮೇಲೆ ಎಲ್ಲಾ ನಿನಗೇ ಗೊತ್ತು. ಅಲ್ಲಿ ಓಟು ಐತೇನು ನಿನಗೆ?

ವಿನಯ: ಇಲ್ಲ. ಗ್ರೀನ್ ಕಾರ್ಡ್ ಕ್ಯೂನಲ್ಲಿ ಹನ್ನೊಂದು ವರ್ಷದಿಂದ ನಿಂತಿದೀನಿ.

ಶಶಿ: ಬೈಡನ್ನೇ ಜಾಗ ಬಿಟ್ರು, ನೀನೂ ಬಿಟ್ಟು ಬಾರಣ್ಣ 😂

6:31ಕ್ಕೆ ದೊಡ್ಡಪ್ಪನ ಹೆಸರಿನ ಕೆಳಗೆ ‘ಟೈಪಿಂಗ್’ ಅಂತ ಕಾಣಿಸಿತು. ಹೋಯಿತು. ಮತ್ತೆ ಬಂತು. ದೊಡ್ಡಪ್ಪ ದುರ್ಗದಲ್ಲಿ ಹೈಸ್ಕೂಲ್ ಹೆಡ್‌ಮಾಸ್ಟರ್ ಆಗಿ ನಿವೃತ್ತರಾದವರು. ಊರಿನ ಗುಡಿಯಲ್ಲಿ ಕಾರ್ತೀಕಕ್ಕೆ ನಮ್ಮ ಮನೆತನದ್ದೊಂದು ದಾಸೋಹ ನಡೆಯುತ್ತೆ. ಅದರ ಲೆಕ್ಕ, ರಸೀದಿ, ಮೈಕು ಮೂರೂ ಅವರ ಕೈಯಲ್ಲೇ. ವಯಸ್ಸು 81, ಬೈಡನ್‌ಗೆ ಅವತ್ತು ಎಷ್ಟೋ ಅಷ್ಟೇ. ಹಿಂದಿನ ವರ್ಷ ವಂದನಾರ್ಪಣೆಯನ್ನ ಎರಡು ಸಲ ಮಾಡಿದ್ದರು. ಎರಡನೇ ಸಲ ಮೊದಲಿನದಕ್ಕಿಂತ ಚೆನ್ನಾಗಿತ್ತು, ಆದರೆ ಮಂಜಣ್ಣ ಚಿಕ್ಕಪ್ಪನ ಅಕ್ಕಿ ಮೂಟೆಗಳ ಹೆಸರು ಎರಡರಲ್ಲೂ ಬಿಟ್ಟುಹೋಗಿತ್ತು. ಅಂದ್ರೆ ಬೈಡನ್‌ಗೆ ಟ್ರಂಪ್ ಎದುರು ತಡವರಿಸಿದ ಜೂನ್ 27ರ ಅಟ್ಲಾಂಟಾ ಟಿವಿ ಚರ್ಚೆ ಹೇಗೋ, ದೊಡ್ಡಪ್ಪನಿಗೆ ಆ ಕಾರ್ತೀಕ ಹಾಗೆ. ಇದನ್ನ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ.

ದೊಡ್ಡಪ್ಪ: ಮಂಜುನಾಥ. ಕೊನೆಯ ಎರಡು ಸಾಲು ಯಾರನ್ನು ಕುರಿತು?

ಪೂರ್ತಿ ಹೆಸರು ಹಿಡಿದು ಕರೆದರೆ ಮುಗೀತು. ಕೈ ಮುಗಿಯೋ ಹತ್ತು ಜನ ಕೂಡ ಆನ್‌ಲೈನ್ ಬಂದರು.

ಮಂಜಣ್ಣ ಚಿಕ್ಕಪ್ಪ: ಅಯ್ಯೋ ಅಣ್ಣ, ಅದು ಬೈಡನ್ ವಿಷಯ. ನಾನೇ ಕೊನೇತನಕ ಓದಿಲ್ಲ.

ದೊಡ್ಡಪ್ಪ: ಓದದೆ ಕಳುಹಿಸಿದ್ದು ಎರಡನೆಯ ತಪ್ಪು. ಕೆಳಗಿನದನ್ನಾದರೂ ಓದು. 1) 1969ರ ಜುಲೈ. ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಯಲ್ಲಿ ಕಾಂಗ್ರೆಸ್ ಪಕ್ಷದ ಎಐಸಿಸಿ ಅಧಿವೇಶನ. 2) ಪಕ್ಷದ ಅಧ್ಯಕ್ಷರು ನಮ್ಮ ದುರ್ಗದ ನಿಜಲಿಂಗಪ್ಪನವರು. 3) ರಾಷ್ಟ್ರಪತಿ ಸ್ಥಾನಕ್ಕೆ ಸಂಜೀವ ರೆಡ್ಡಿಯವರು ಎಂದು ತೀರ್ಮಾನವಾಯಿತು. 4) ಇಂದಿರಾ ಗಾಂಧಿಯವರೇ ಅವರ ನಾಮಪತ್ರಕ್ಕೆ ಸೂಚಕರಾಗಿ ಸಹಿ ಹಾಕಿದರು. 5) ಆಮೇಲೆ ಅವರೇ ‘ಆತ್ಮಸಾಕ್ಷಿಗೆ ಓಟು ಹಾಕಿ’ ಎಂದರು. 6) ನಮ್ಮ ಮೈಸೂರು ರಾಜ್ಯದಲ್ಲಿ ರಾಜ್ಯಪಾಲರಾಗಿದ್ದ ವಿ.ವಿ. ಗಿರಿ ಗೆದ್ದರು, ಅದೂ ಎರಡನೇ ಪ್ರಾಶಸ್ತ್ಯದ ಮತ ಎಣಿಸಿದ ಮೇಲೆ. ಹೆಸರನ್ನು ಯಾರೂ ಬದಲಾಯಿಸಲಿಲ್ಲ. ಸಹಿ ಹಾಕಿದವರೇ ಬೆನ್ನ ಹಿಂದೆ ಓಟು ಬದಲಾಯಿಸಿದರು. ಮನೆಯವರು ಹೀಗೆ ಮಾಡುವುದು ಹೊಸದೇನಲ್ಲ.

ಆರನೇ ಅಂಶದವರೆಗೆ ಅದು ಇತಿಹಾಸ. ಕೊನೇ ಸಾಲು ಮಂಡಿ ಅಂಗಡಿಗೆ ಹೋದದ್ದು.

ವಿನಯನಿಗೆ ಇಂಥ ಸೂಕ್ಷ್ಮ ತಿಳಿಯೋದಿಲ್ಲ, ಅಥವಾ ತಿಳಿದೂ ಲೆಕ್ಕಕ್ಕೆ ತಗೊಳೋದಿಲ್ಲ. ಅವನು ತನ್ನ ಪಾಠ ಮುಂದುವರಿಸಿದ.

ವಿನಯ: ಕೇಳಿ ಎಲ್ಲಾರೂ. ಬೈಡನ್ ಇನ್ನೂ ಅಧಿಕೃತ ಅಭ್ಯರ್ಥಿ ಆಗೇ ಇರಲಿಲ್ಲ. ಪ್ರೈಮರಿಯಲ್ಲಿ, ಅಂದ್ರೆ ಪಾರ್ಟಿಯೊಳಗಿನ ಚುನಾವಣೆಯಲ್ಲಿ, ಗೆದ್ದು ಸುಮಾರು 3,900 ಡೆಲಿಗೇಟ್‌ಗಳನ್ನ (ಅಭ್ಯರ್ಥಿ ಆರಿಸೋ ಪಾರ್ಟಿ ಪ್ರತಿನಿಧಿಗಳು) ಕಟ್ಕೊಂಡಿದ್ರು ಅಷ್ಟೆ. ಆ ಡೆಲಿಗೇಟ್‌ಗಳು ಓಟು ಹಾಕಿ ಆರಿಸಿದ ಮೇಲೆ ಪಾರ್ಟಿ ಒಂದೊಂದು ರಾಜ್ಯಕ್ಕೂ ಹೆಸರು ಕಳಿಸುತ್ತೆ, ಆಮೇಲೆ ಬ್ಯಾಲೆಟ್ ಪ್ರಿಂಟು. ಪಾರ್ಟಿಯ ಶಿಕಾಗೋ ಅಧಿವೇಶನ ಇರೋದು ಆಗಸ್ಟ್ 19ಕ್ಕೆ. ಅಂದ್ರೆ ನಿಶ್ಚಿತಾರ್ಥ ಆಗಿದೆ, ಲಗ್ನಪತ್ರಿಕೆ ಪ್ರಿಂಟ್ ಆಗಿಲ್ಲ. ಗಂಡು ಬದಲಾಗಬಹುದು.

ನ್ಯಾಯವಾಗಿ ನೋಡಿದ್ರೆ ಆ ದಿನ ಗ್ರೂಪಿನಲ್ಲಿ ಬಂದ ಒಂದೇ ಕೆಲಸದ ಮಾತು ಇದು. ಆದರೆ ಅವನು ‘ಲಗ್ನಪತ್ರಿಕೆ’ ಅಂದುಬಿಟ್ಟ. ಹರಿಹರದಲ್ಲಿ ಗಿರಿಜತ್ತೆ ಎದ್ದಿದ್ದರು.

ಗಿರಿಜತ್ತೆ: ನಮ್ಮ ಸುಮನ ಲಗ್ನಪತ್ರಿಕೆಲಿ ತಾರೀಕೇ ತಪ್ಪು ಪ್ರಿಂಟ್ ಆಗಿತ್ತು, ನೆನಪೈತಾ? ಪೆನ್ನಿನಲ್ಲಿ ತಿದ್ದಿ ಹಂಚಿದ್ವಿ. ಎಂಥಾ ಕಾಲ. ಅಂಗಳದಲ್ಲಿ ಚಪ್ಪರ, ರಾತ್ರಿಯೆಲ್ಲಾ ಹೋಳಿಗೆ.

ಸುಮಕ್ಕ: ಅತ್ತೆ ನನ್ನ ಮದುವೆ ವಿಷಯ ಬೇಡ. ನಮ್ಮ ಯಜಮಾನ್ರೂ ಗ್ರೂಪಲ್ಲಿದ್ದಾರೆ.

ಗಿರಿಜತ್ತೆ: ಒಳ್ಳೇದನ್ನೇ ಹೇಳ್ತಿದೀನಿ ಕಣೆ. ಆ ಕಮಲಾಗೂ ಇಡ್ಲಿ ಸಾಂಬಾರ್ ಇಷ್ಟ ಅಂತೆ. ಅವರಮ್ಮ ಶ್ಯಾಮಲಾ ತಮಿಳುನಾಡಿನೋರು. ತಾತನ ಊರು ಮನ್ನಾರ್‌ಗುಡಿ ಹತ್ರ. ನಾವು ಟೂರ್ ಹೋದಾಗ ಅದೇ ರಸ್ತೇಲಿ ಬಸ್ಸು ಕೆಟ್ಟಿತ್ತು.

ಮಂಜಣ್ಣ ಚಿಕ್ಕಪ್ಪ: ವಿನಯ, ನಿಶ್ಚಿತಾರ್ಥ ಗಿಶ್ಚಿತಾರ್ಥ ಬಿಡು. ರಾಮನಗರ ಏನಾಯ್ತು 2018ರಲ್ಲಿ? ಬಿಜೆಪಿ ಕ್ಯಾಂಡಿಡೇಟು ಓಟಿಗೆ ಎರಡು ದಿನ ಇರುವಾಗ ವಾಪಸ್ ಕಾಂಗ್ರೆಸ್ಸಿಗೆ ಹೋದ. ಮೆಷಿನ್ನಲ್ಲಿ ಹೆಸರು ಹೋಯ್ತಾ? ಹೋಗಲಿಲ್ಲ. ಅದನ್ನೇ ಅಲ್ವಾ ನಾನು ಹೇಳಿದ್ದು?

ಇಲ್ಲಿ ಚಿಕ್ಕಪ್ಪನಿಗೆ ಅರ್ಧ ನ್ಯಾಯ ಕೊಡಬೇಕು. ಆ ಉಪಚುನಾವಣೆ ನವೆಂಬರ್ 3ಕ್ಕೆ; ನವೆಂಬರ್ 1ಕ್ಕೆ ಅಭ್ಯರ್ಥಿ ಪಕ್ಷ ಬದಲಾಯಿಸಿದ್ದು ನಿಜ, ಹೆಸರೂ ಕಮಲದ ಗುರುತೂ ಹಾಗೇ ಉಳಿದದ್ದೂ ನಿಜ. ನಮ್ಮಲ್ಲಿ ನಾಮಪತ್ರ ವಾಪಸ್ ತಗೊಳೋ ಗಡುವು ದಾಟಿದರೆ ಅಭ್ಯರ್ಥಿ ಓಡಿಹೋದರೂ ಹೆಸರು ಅಲ್ಲೇ ಇರುತ್ತೆ. ಮಾನ್ಯತೆ ಇರೋ ಪಕ್ಷದ ಅಭ್ಯರ್ಥಿ ತೀರಿಕೊಂಡರೆ ಮಾತ್ರ ಮತದಾನ ಮುಂದೆ ಹೋಗುತ್ತೆ. ಅದೇ 2018ರ ಮೇನಲ್ಲಿ ವಿಜಯಕುಮಾರ್ ತೀರಿಕೊಂಡು ಜಯನಗರದ ಓಟು ಜೂನ್ 11ಕ್ಕೆ ಹೋಯಿತಲ್ಲ, ಹಾಗೆ. ಫಾರ್ವರ್ಡ್ ಬರೆದ ಪುಣ್ಯಾತ್ಮ ಇಲ್ಲಿನ ನಿಯಮ ತಗೊಂಡು ಅಲ್ಲಿಗೆ ಅಂಟಿಸಿದ್ದಾನೆ ಅಂತ ನನ್ನ ಅನುಮಾನ. ಇಷ್ಟನ್ನೂ ಟೈಪ್ ಮಾಡಿದ್ದೆ. ಕಳಿಸೋಕೆ ಮುಂಚೆ ಮೇಲೆ ಹದಿನಾಲ್ಕು ಮೆಸೇಜು ಬಂದಿತ್ತು, ಅಳಿಸಿದೆ.

ವಿನಯ: ಚಿಕ್ಕಪ್ಪ, ಅಮೆರಿಕದಲ್ಲಿ ನಮ್ಮ ಥರ ಒಂದೇ ಚುನಾವಣಾ ಆಯೋಗ ಎಲ್ಲಾ ರಾಜ್ಯಕ್ಕೂ ಚುನಾವಣೆ ನಡೆಸಲ್ಲ. ಹೆಸರು ಕಳಿಸೋಕೆ ರಾಜ್ಯಕ್ಕೊಂದು ಗಡುವು. ಓಹಿಯೋದ್ದು ಆಗಸ್ಟ್ 7 ಇತ್ತು, ಅದರದ್ದೇ ದೊಡ್ಡ ರಗಳೆ ಆಗಿ ಆನ್‌ಲೈನ್‌ನಲ್ಲೇ ಓಟು ಮುಗಿಸ್ತೀವಿ ಅಂತ ಪಾರ್ಟಿ ಹೇಳಿದೆ. ಉಳಿದಿರೋದು 107 ದಿನ. ಅವಸರ ಹೌದು, ಕಾನೂನುಬಾಹಿರ ಅಲ್ಲ. ದುಡ್ಡಿನ ಸಮಸ್ಯೆನೂ ಕಮ್ಮಿ. ಬೈಡನ್ ಪ್ರಚಾರ ಸಮಿತಿಯಲ್ಲಿ ಜೂನ್ ಕೊನೆಗೆ ಸುಮಾರು 9.6 ಕೋಟಿ ಡಾಲರ್ ಇತ್ತು. ಆ ಸಮಿತಿಯಲ್ಲಿ ಕಮಲಾ ಹೆಸರೂ ಇದೆ. ಹಾಗಾಗಿ ಅವರು ನಿಂತರೆ ದುಡ್ಡು ಅವರಿಗೆ ಸಿಗುತ್ತೆ ಅಂತ ವಾದ.

ಗಿರಿಜತ್ತೆ: ದುಡ್ಡು ಅಂದ್ಮೇಲೆ ನೆನಪಾಯ್ತು. ಮಂಜಣ್ಣ, 98ರಲ್ಲಿ ಸುಮನ ಮದುವೆಗೆ ಹರಿಹರದ ಅಡುಗೆಯವನಿಗೆ ನಾನು ಕೈಯಾರೆ ಎರಡು ಸಾವಿರ ಅಡ್ವಾನ್ಸ್ ಕೊಟ್ಟಿದ್ದೆ. ನೀನು ಮೂರು ದಿನ ಇರುವಾಗ ಅವನನ್ನ ಬಿಡಿಸಿ ನಿನ್ನ ಮಾರ್ಕೆಟ್ಟಿನ ಪೈಕಿಯವನನ್ನ ತಂದೆ. ಆ ಎರಡು ಸಾವಿರ ಯಾರ ಸಮಿತಿಗೆ ಹೋಯ್ತು?

ಗ್ರೂಪು ಎರಡು ನಿಮಿಷ ಉಸಿರು ಬಿಡಲಿಲ್ಲ.

ನಾಗರಾಜ ಮಾವ: ಬಸವಣ್ಣನವರ ವಚನ. ದಿನಕ್ಕೊಂದು ಬೆಳಕು.

ಶಶಿ: ಅತ್ತೆ 🔥🔥

ಮಂಜಣ್ಣ ಚಿಕ್ಕಪ್ಪ: ಬಿಡಿಸಲಿಲ್ಲ. ಅವನೇ ಕೈ ಕೊಟ್ಟ. ಅದೇ ಮುಹೂರ್ತಕ್ಕೆ ರಾಣೆಬೆನ್ನೂರಲ್ಲಿ ಇನ್ನೊಂದು ಆರ್ಡರ್ ಒಪ್ಕೊಂಡಿದ್ದ. ನಿಮಗೆಲ್ಲ ಗಾಬರಿ ಆಗ್ತೈತೆ ಅಂತ ನಾನೇ ಮೇಲೆ ಹಾಕ್ಕೊಂಡೆ.

ಗಿರಿಜತ್ತೆ: ಇಪ್ಪತ್ತಾರು ವರ್ಷ ಆದ್ಮೇಲೆ ಹೇಳ್ತೀಯಾ? ಅವನು ಸತ್ತೇ ಹತ್ತು ವರ್ಷ ಆಯ್ತು. ಇನ್ನು ಯಾರನ್ನ ಕೇಳಲಿ?

ವಿನಯ: ಇದಕ್ಕೂ ಮೂಲ ಬೇಕು ಚಿಕ್ಕಪ್ಪ.

ಗಿರಿಜತ್ತೆ: ಆ ಗೋಧಿ ಹುಗ್ಗಿ ತಳ ಹಿಡಿದು ಬೀಗರ ಪಂಕ್ತಿಯಲ್ಲಿ ನನ್ನ ಮಾನ ಹೋಯ್ತು.

ಆಗ ನಡೆದದ್ದು ಈ ಗ್ರೂಪಿನ ಚರಿತ್ರೆಯಲ್ಲಿ ಹಿಂದೆಂದೂ ನಡೆದಿರಲಿಲ್ಲ. ಸುಮಕ್ಕನ ಯಜಮಾನ್ರು ಬರೆದರು. ಆರು ವರ್ಷದಲ್ಲಿ ಮೊದಲ ಮೆಸೇಜು.

ಸುಮಕ್ಕನ ಯಜಮಾನ್ರು: ಹುಗ್ಗಿ ಚೆನ್ನಾಗೇ ಇತ್ತು.

ಇಷ್ಟೇ. ಮತ್ತೆ ಇವತ್ತಿನವರೆಗೆ ಮಾತಾಡಿಲ್ಲ.

ವಿನಯನಿಗೆ ತನ್ನ ವಿಷಯ ಕೈಜಾರಿತು ಅಂತ ಸಂಕಟ. ಎಲ್ಲರನ್ನೂ ದಾರಿಗೆ ತರೋಕೆ ತನ್ನ ರಾಜ್ಯದ್ದೇ ಒಂದು ಉದಾಹರಣೆ ತೆಗೆದ.

ವಿನಯ: ಕೊನೇ ಗಳಿಗೆಯಲ್ಲಿ ಬದಲಾಯಿಸೋದು ಹೊಸದಲ್ಲ. ಇದೇ ನ್ಯೂಜೆರ್ಸಿಯಲ್ಲಿ 2002ರ ಸೆನೆಟ್ ಚುನಾವಣೆ. ಟೊರಿಸೆಲ್ಲಿ ಅಂತ, ಉಡುಗೊರೆ ತಗೊಂಡ ಆರೋಪ. ಸೆಪ್ಟೆಂಬರ್ 30ಕ್ಕೆ ಹಿಂದೆ ಸರಿದ. ರಾಜ್ಯದ ಕಾನೂನು ಹೇಳೋ ಗಡುವು ಆಗಲೇ ದಾಟಿತ್ತು. ಆದ್ರೂ ರಾಜ್ಯದ ಸುಪ್ರೀಂ ಕೋರ್ಟು ಒಮ್ಮತದಿಂದ ಬದಲಿ ಹೆಸರಿಗೆ ಒಪ್ಪಿತು. ನಿವೃತ್ತರಾಗಿದ್ದ ಫ್ರಾಂಕ್ ಲಾಟೆನ್‌ಬರ್ಗ್ ಅವರನ್ನ ನಿಲ್ಲಿಸಿದ್ರು, ಗೆದ್ರು.

ದೊಡ್ಡಪ್ಪ: ಅವರ ವಯಸ್ಸು?

ವಿನಯ: ಆಗ 78. ಬಿಟ್ಟವನಿಗೆ 51.

ಅವನು ಸುಮ್ಮನೆ ಕೇಳಿದ್ದಕ್ಕೆ ಉತ್ತರ ಕೊಟ್ಟ, ಪಾಪ. ಮುಂದಿನ ಮೆಸೇಜಿಗೆ ಒಂಬತ್ತು ನಿಮಿಷ ಹಿಡೀತು.

ದೊಡ್ಡಪ್ಪ: 51ರವನನ್ನು ಇಳಿಸಿ 78ರವರನ್ನು ಮನೆಯಿಂದ ಕರೆತಂದು ನಿಲ್ಲಿಸಿದರು. ಗೆದ್ದರು. ಮಂಜುನಾಥ ಗಮನಿಸಬೇಕು. ವಿನಯ, ಅವರು ಆಮೇಲೆ ಎಷ್ಟು ವರ್ಷ ಕೆಲಸ ಮಾಡಿದರು?

ವಿನಯ: 2013ರಲ್ಲಿ 89ನೇ ವಯಸ್ಸಿಗೆ ತೀರಿಕೊಂಡ್ರು. ಆಗಲೂ ಸೆನೆಟರ್ರೇ.

ದೊಡ್ಡಪ್ಪ: ಆ ಹೆಸರನ್ನು ಕನ್ನಡದಲ್ಲಿ ಸರಿಯಾಗಿ ಬರೆದು ಕಳುಹಿಸು.

ಮಂಜಣ್ಣ ಚಿಕ್ಕಪ್ಪ ಆ ಹೊತ್ತಿಗೆ ಫಾರ್ವರ್ಡ್ ಅಳಿಸಿದ್ದರು. ‘ಈ ಸಂದೇಶವನ್ನು ಅಳಿಸಲಾಗಿದೆ’ ಅಂತ ಮೇಲೆ ಒಂದು ಗೆರೆ. ಅಳಿಸಿದ್ದೇ ದೊಡ್ಡ ತಪ್ಪಾಯಿತು. ಎಂಟು ಗಂಟೆಗೆ ಎದ್ದವರೆಲ್ಲ ‘ಏನದು, ಏನದು’ ಅಂತ ಕೇಳೋಕೆ ಶುರು. ದೊಡ್ಡಪ್ಪನಿಗೆ ಚಿಕ್ಕಪ್ಪ ಏನೋ ಕೆಟ್ಟ ಮಾತು ಬೈದಿದ್ದಾನೆ ಅಂತ ಶಿವಮೊಗ್ಗದ ಚಿಕ್ಕಮ್ಮ ನನಗೆ ಫೋನ್ ಮಾಡಿದರು. ಕೊನೆಗೆ ಶಶಿಯೇ ಸ್ಕ್ರೀನ್‌ಶಾಟ್ ಹಾಕಿದ. ಅದನ್ನ ನಾಗರಾಜ ಮಾವ ಇನ್ನೆರಡು ಗ್ರೂಪಿಗೆ ಕಳಿಸಿದರು ಅಂತ ಆಮೇಲೆ ಗೊತ್ತಾಯಿತು.

ಅಮೆರಿಕದಲ್ಲಿ ಆಗಸ್ಟ್ 5ಕ್ಕೆ ಡೆಲಿಗೇಟ್‌ಗಳ ಆನ್‌ಲೈನ್ ಮತದಾನ ಮುಗಿದು ಕಮಲಾ ಅಧಿಕೃತ ಅಭ್ಯರ್ಥಿಯಾದರು. ಬ್ಯಾಲೆಟ್ಟಿನಲ್ಲಿ ಅವರದೇ ಹೆಸರು ಬಂತು. ನವೆಂಬರ್ 5ಕ್ಕೆ ಸೋತರು. ಬೈಡನ್ ಮೊದಲೇ ಬಿಡಬೇಕಿತ್ತು ಅಂತ ಅಲ್ಲಿ ಅವರ ಪಕ್ಷದವರೇ ಜಗಳ ಆಡಿಕೊಂಡರು. ಆಗಿನ ಅಧ್ಯಕ್ಷ ಲಿಂಡನ್ ಜಾನ್ಸನ್ 1968ರಲ್ಲಿ ಮಾರ್ಚ್ 31ಕ್ಕೇ ಸ್ಪರ್ಧೆ ಬಿಟ್ಟಿದ್ದರು, ಆಗಲೂ ಅವರ ಪಕ್ಷ ಸೋತಿತು ಅಂತ ವಿನಯ ಒಂದು ಉದ್ದನೆಯ ಟಿಪ್ಪಣಿ ಹಾಕಿದ್ದ. ಅದಕ್ಕೆ ಮೂರು ಕೈಮುಗಿತ ಬಂತು.

ಕಾರ್ತೀಕದ ದಾಸೋಹಕ್ಕೆ ಎಲ್ಲರೂ ಊರಿಗೆ ಹೋದೆವು. ಚಿಕ್ಕಪ್ಪ ಈ ಸಲವೂ ಅಕ್ಕಿ ಕೊಟ್ಟಿದ್ದರು, ಹುಗ್ಗಿಯ ಕೊಪ್ಪರಿಗೆ ಹತ್ತಿರ ತಾವೇ ನಿಂತಿದ್ದರು, ಗಿರಿಜತ್ತೆ ಅವರ ಹಿಂದೆ ನಿಂತಿದ್ದರು. ವಂದನಾರ್ಪಣೆಗೆ ಮೈಕು ಹಿಡಿದದ್ದು ದೊಡ್ಡಪ್ಪನೇ. ಚೀಟಿ ನೋಡಿಕೊಂಡು ಓದಿದರು. ಚಿಕ್ಕಪ್ಪನ ಹೆಸರು ಮೊದಲನೇದು, ಮೂಟೆಗಳ ಲೆಕ್ಕದ ಸಮೇತ. ಆಮೇಲೆ ಕನ್ನಡಕ ಸರಿ ಮಾಡಿಕೊಂಡು, ಎಪ್ಪತ್ತೆಂಟನೇ ವಯಸ್ಸಿನಲ್ಲಿ ಕರೆ ಬಂದಾಗ ಹಿಂದೇಟು ಹಾಕದ ಶ್ರೀ ಫ್ರಾಂಕ್ ಲಾಟೆನ್‌ಬರ್ಗ್ ಅವರನ್ನೂ ಈ ಸಂದರ್ಭದಲ್ಲಿ ಸ್ಮರಿಸುತ್ತೇನೆ ಅಂದರು.

ಹಾರ ಹಿಡಿದು ನನ್ನ ಪಕ್ಕ ನಿಂತಿದ್ದ ಊರ ಗೌಡರು ಕಿವಿ ಹತ್ತಿರ ಬಗ್ಗಿ ಕೇಳಿದರು: “ಯಾರವ್ವಾ ಅವ್ರು? ನಿಮ್ಮ ತಾಯಿ ಕಡೆಯೋರಾ?”