ಶಾಮಿಯಾನ ಅಂಗಡಿಗೆ ಆ್ಯಪ್ ಬೇಕಂತೆ. ಫ್ಲಟರ್ ಕಲಿಯಲಾ, ವೆಬ್‌ನಲ್ಲೇ ಮಾಡಲಾ?

ಸಾಗರದವ:

ಎಲ್ಲರಿಗೂ ನಮಸ್ಕಾರ. ನಾನು ವೆಬ್ ಡೆವಲಪರ್. ಬೆಂಗಳೂರಿನಲ್ಲಿ ನಾಲ್ಕು ವರ್ಷ ಕೆಲಸ ಮಾಡಿ ಹೋದ ವರ್ಷ ಸಾಗರಕ್ಕೆ ವಾಪಸ್ ಬಂದೆ. ಈಗ ಮನೆಯಿಂದಲೇ ಫ್ರೀಲ್ಯಾನ್ಸ್. ಇದುವರೆಗೆ ಮಾಡಿದ್ದೆಲ್ಲ ವೆಬ್‌ಸೈಟುಗಳೇ: ಎರಡು ಹೋಂಸ್ಟೇ, ಒಂದು ನರ್ಸರಿ, ಒಂದು ಕಲ್ಯಾಣ ಮಂಟಪ.

ಆ ಕಲ್ಯಾಣ ಮಂಟಪದವರು ಒಂದು ಹೊಸ ಕೆಲಸ ತೋರಿಸಿದ್ದಾರೆ. ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ. ಮದುವೆ ಸೀಸನ್ನಿನಲ್ಲಿ ದಿನಕ್ಕೆ ನಾಲ್ಕೈದು ಕಡೆ ಸಾಮಾನು ಹೋಗುತ್ತದೆ. ಲೆಕ್ಕವೆಲ್ಲ ಒಂದು ಉದ್ದ ನೋಟ್‌ಬುಕ್ಕಿನಲ್ಲಿ. ವಾಪಸ್ ಬರುವಾಗ ಸೌಟು, ಬಕೆಟ್, ಲೋಟ ಕಡಿಮೆ ಬರುತ್ತವೆ. ಯಾರ ಮನೆಯಲ್ಲಿ ಉಳಿಯಿತು ಅಂತ ಗೊತ್ತಾಗುವುದಿಲ್ಲ. ಯಜಮಾನರು "ನಂಗೊಂದು ಆ್ಯಪ್ ಮಾಡಿಕೊಡಿ, ಪ್ಲೇ ಸ್ಟೋರಲ್ಲಿ ಇರ್ಬೇಕು" ಅಂದರು. 15,000 ರೂಪಾಯಿ ಕೊಡುತ್ತಾರಂತೆ.

ಫೋನ್ ಆ್ಯಪ್ ಮಾಡಲು ಬಳಸುವ ಫ್ಲಟರ್ ನನಗೆ ಬರುವುದಿಲ್ಲ. ಎರಡು ತಿಂಗಳು ಕೂತು ಕಲಿತು ಮಾಡಿಕೊಡಲಾ? ಇಲ್ಲ, ನನಗೆ ಬರುವ ವೆಬ್‌ನಲ್ಲೇ ಮಾಡಿದರೆ ಮೋಸ ಮಾಡಿದ ಹಾಗಾಗುತ್ತಾ? ಇನ್ನೊಂದು ಮಾತು. ಅವರ ಗೋದಾಮು ಊರಾಚೆ ಇದೆ, ಅಲ್ಲಿ ಸಿಗ್ನಲ್ ಸರಿಯಾಗಿ ಬರುವುದಿಲ್ಲ. 15,000ಕ್ಕೆ ಒಪ್ಪಬಹುದಾ ಅನ್ನುವುದನ್ನೂ ತಿಳಿದವರು ಹೇಳಿ.

ತುಂಗಾ ತೀರ:

ನಾನು ಆಂಡ್ರಾಯ್ಡ್ ಕೆಲಸ ಮಾಡುವವನು. ಪ್ಲೇ ಸ್ಟೋರ್ ವಿಷಯ ಮಾತ್ರ ಹೇಳುತ್ತೇನೆ. ನೋಂದಣಿಗೆ ಒಂದೇ ಸಲ 25 ಡಾಲರ್. ಅದು ದೊಡ್ಡದಲ್ಲ. ಆದರೆ 2023ರ ನವೆಂಬರ್ ನಂತರ ತೆರೆದ ವೈಯಕ್ತಿಕ ಖಾತೆ ಆದರೆ, ಆ್ಯಪ್ ಎಲ್ಲರಿಗೂ ಸಿಗುವ ಮುಂಚೆ 12 ಜನ ಸತತ 14 ದಿನ ಟೆಸ್ಟರ್‌ಗಳಾಗಿ ಇರಬೇಕು. ಆಮೇಲೂ ಸುಮ್ನೆ ಬಿಡುವ ಹಾಗಿಲ್ಲ. ಹೊಸ ಆಂಡ್ರಾಯ್ಡ್ ಬಂದ ಹಾಗೆ ಟಾರ್ಗೆಟ್ ಎಪಿಐ, ಅಂದರೆ ಆ್ಯಪ್ ಯಾವ ಆಂಡ್ರಾಯ್ಡ್ ಆವೃತ್ತಿಗೆ ಹೊಂದಿಸಿದ್ದು ಅನ್ನುವ ಸಂಖ್ಯೆ, ಏರಿಸುತ್ತಾ ಇರಬೇಕು. ಒಂದು ಅಂಗಡಿಯ ಮೂರು ಫೋನಿಗೋಸ್ಕರ ಇಷ್ಟೆಲ್ಲ ಬೇಕಾ, ಯೋಚಿಸಿ.

ಬೆಣ್ಣೆದೋಸೆ ಊರಿನವಳು:

ನಿಮ್ಮ ಪ್ರಶ್ನೆ ಓದಿ ಉತ್ತರ ಬರೆಯಲೇಬೇಕು ಅನ್ನಿಸಿತು. ದಾವಣಗೆರೆಯಲ್ಲಿ ಕೂತು ಒಂಬತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ನಿಮ್ಮ ಸೌಟಿನ ಕಥೆ ನನ್ನ ನೀರಿನ ಕ್ಯಾನ್ ಕಥೆಯೇ.

20 ಲೀಟರ್ ನೀರಿನ ಕ್ಯಾನ್ ಮನೆಮನೆಗೆ ಹಾಕುವವರು ನನ್ನ ಹತ್ತಿರ ಬಂದಿದ್ದರು. ತುಂಬಿದ ಕ್ಯಾನ್ ಹೋಗುತ್ತದೆ, ಖಾಲಿ ಕ್ಯಾನ್ ಬರುವುದಿಲ್ಲ. ಅವರೂ ಆ್ಯಪ್ ಅಂದರು. ನಾನು ಲಾಗಿನ್, ಮ್ಯಾಪ್, ಬಣ್ಣಬಣ್ಣದ ಗ್ರಾಫ್ ಎಲ್ಲ ಹಾಕಿ ಮೂರು ತಿಂಗಳು ಕಷ್ಟಪಟ್ಟು ಮಾಡಿದೆ. ಕ್ಯಾನ್ ಹಾಕುವ ಹುಡುಗರು ಒಂದು ವಾರ ಬಳಸಿ ಬಿಟ್ಟರು. ಮತ್ತೆ ಚೀಟಿಗೆ ಹೋದರು. ನನಗೆ ತುಂಬ ನೋವಾಯಿತು. ಒಂದು ದಿನ ಬೆಳಿಗ್ಗೆ ಆರಕ್ಕೆ ಅವರ ಆಟೋದಲ್ಲೇ ಕೂತು ಹೋದೆ. ಆಗ ಗೊತ್ತಾಯಿತು. ಹೆಗಲ ಮೇಲೆ ಕ್ಯಾನ್, ಕೈ ಒದ್ದೆ. ಮೇಲಿನ ಮಹಡಿಯಿಂದ ಯಾರೋ ಕರೆಯುತ್ತಿರುತ್ತಾರೆ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಸಿಗ್ನಲ್ ಇಲ್ಲ. ಅಂಥ ಹೊತ್ತಿನಲ್ಲಿ ಯಾರು ಲಾಗಿನ್ ಮಾಡುತ್ತಾರೆ?

ಎಲ್ಲ ತೆಗೆದುಹಾಕಿದೆ. ಒಂದೇ ಪರದೆ ಉಳಿಸಿದೆ. ಮನೆಯ ಹೆಸರು, ಅದರ ಕೆಳಗೆ ಎರಡು ದೊಡ್ಡ ಬಟನ್: "ಕೊಟ್ಟೆ", "ಬಂತು". ಅದು ವೆಬ್ ಪುಟ. ಸರ್ವಿಸ್ ವರ್ಕರ್ (ಪುಟವನ್ನು ಫೋನಿನಲ್ಲೇ ಉಳಿಸಿಡುವ ಸ್ಕ್ರಿಪ್ಟ್) ಹಾಕಿದ್ದರಿಂದ ನೆಟ್ ಇಲ್ಲದಿದ್ದರೂ ತೆರೆಯುತ್ತದೆ. ಮ್ಯಾನಿಫೆಸ್ಟ್ (ಆ್ಯಪ್‌ನ ಹೆಸರು, ಐಕಾನ್ ಹೇಳುವ ಫೈಲ್) ಇರುವುದರಿಂದ ಫೋನಿನಲ್ಲಿ ಐಕಾನ್ ಬಂದು ಕೂರುತ್ತದೆ. ಹುಡುಗರಿಗೆ ಆ್ಯಪ್ ಅಂದರೆ ಆ ಐಕಾನೇ. ಇದರಲ್ಲಿ ಮೋಸ ಏನಿಲ್ಲ. ಮೊದಲ ಐಫೋನ್ 2007ರಲ್ಲಿ ಬಂದಾಗ ಆ್ಯಪಲ್‌ನವರೇ ಹೊರಗಿನ ಡೆವಲಪರ್‌ಗಳಿಗೆ ವೆಬ್ ಆ್ಯಪ್ ಮಾಡಿ ಅಂದಿದ್ದರು. ಆ್ಯಪ್ ಸ್ಟೋರ್ ಶುರುವಾಗಿದ್ದು 2008ರಲ್ಲಿ. ನಿಮ್ಮ ಯಜಮಾನರಿಗೆ ಪ್ಲೇ ಸ್ಟೋರ್ ಯಾಕೆ ಬೇಕು ಅಂತ ಒಮ್ಮೆ ಕೇಳಿ. ಹತ್ತರಲ್ಲಿ ಒಂಬತ್ತು ಸಲ "ಫೋನಲ್ಲಿ ಕಾಣ್ಬೇಕು" ಅನ್ನುವುದೇ ಉತ್ತರ.

ಈಗ ನಾನು ಪೆಟ್ಟು ತಿಂದು ಕಲಿತದ್ದು ಹೇಳುತ್ತೇನೆ.

ಗೋದಾಮಿನಲ್ಲಿ ಇಷ್ಟು ಉಳಿದಿದೆ ಅನ್ನುವ ಸಂಖ್ಯೆಯನ್ನು ಎಲ್ಲೂ ತಿದ್ದುತ್ತಾ ಹೋಗಬೇಡಿ. ನಮ್ಮ ಹಳೇ ಅಂಗಡಿಗಳ ಕಿರ್ದಿ ಪುಸ್ತಕ ನೋಡಿದ್ದೀರಲ್ವಾ, ಹಾಗೆ ಬರೆಯಿರಿ. ಇವತ್ತು 20 ಹೋಯಿತು, ಒಂದು ಸಾಲು. ನಾಳೆ 17 ಬಂತು, ಇನ್ನೊಂದು ಸಾಲು. ಬರೆದದ್ದನ್ನು ಅಳಿಸುವುದಿಲ್ಲ. ಉಳಿದದ್ದು ಎಷ್ಟು ಅಂತ ಕೂಡಿ ಕಳೆದು ತೋರಿಸಿ. ಹೀಗೆ ಮಾಡಿದರೆ ಎರಡು ಫೋನು ಸಿಗ್ನಲ್ ಇಲ್ಲದ ಕಡೆ ಬೇರೆಬೇರೆಯಾಗಿ ಬರೆದರೂ ಆಮೇಲೆ ಸೇರಿಸಲು ಕಷ್ಟವಿಲ್ಲ. ಪ್ರತಿ ಸಾಲಿಗೂ ಫೋನಿನಲ್ಲೇ ಒಂದು ಗುರುತು ಸಂಖ್ಯೆ ಹುಟ್ಟಿಸಿ. ಅದೇ ಸಾಲು ಸರ್ವರಿಗೆ ಎರಡು ಸಲ ಬಂದರೂ ಲೆಕ್ಕ ಎರಡಾಗುವುದಿಲ್ಲ.

ಸಾಲುಗಳನ್ನು ಬ್ರೌಸರಿನೊಳಗಿನ ಡೇಟಾಬೇಸ್ ಆದ ಇಂಡೆಕ್ಸ್ಡ್‌ಡಿಬಿಯಲ್ಲಿ ಇಡಿ. ಆದರೆ ಅದನ್ನೇ ನಂಬಬೇಡಿ. ನನ್ನ ಕಡೆ ಒಬ್ಬ ಹುಡುಗ ಫೋನು ನಿಧಾನ ಆಯಿತು ಅಂತ ಬ್ರೌಸರಿನ ಡೇಟಾ ಎಲ್ಲ ಅಳಿಸಿಬಿಟ್ಟ. ಅರ್ಧ ದಿನದ ಲೆಕ್ಕ ಹೋಯಿತು. ಅವನ ತಪ್ಪಲ್ಲ, ನಾನು ಮುಂಚೆಯೇ ಯೋಚಿಸಬೇಕಿತ್ತು. ಈಗ ಆ್ಯಪ್ ತೆರೆದಾಗಲೆಲ್ಲ, ನೆಟ್ ಸಿಕ್ಕಾಗಲೆಲ್ಲ ಉಳಿದ ಸಾಲು ಕಳಿಸುತ್ತದೆ. ಇನ್ನೂ ಹೋಗದ ಸಾಲು ಎಷ್ಟಿದೆ ಅಂತ ಮೇಲುಗಡೆ ಕೆಂಪಿನಲ್ಲಿ ತೋರಿಸುತ್ತದೆ.

ಕನ್ನಡ ಅಕ್ಷರದ ಬಗ್ಗೆ ಒಂದು ಮಾತು. ಇಂಗ್ಲಿಷಿಗೆ ಹೊಂದಿಸಿದ ಬಟನ್ನಿನಲ್ಲಿ ಒತ್ತಕ್ಷರದ ಕೆಳಗಿನ ಭಾಗ ಕತ್ತರಿಸಿಹೋಗುತ್ತದೆ. "ಪಾತ್ರೆ" ಅಂತ ಬರೆದು ನೋಡಿ. ನಾನು ಲೈನ್-ಹೈಟ್ (ಸಾಲಿನ ಎತ್ತರ) ಅಕ್ಷರದ ಗಾತ್ರದ 1.6 ಪಟ್ಟಿಗಿಂತ ಕಡಿಮೆ ಇಡುವುದಿಲ್ಲ. ಎತ್ತರ ಕಟ್ಟಿಹಾಕಿದ ಬಟನ್ ಬೇಡ, ಸುತ್ತ ಜಾಗ ಬಿಡಿ. ಇದರ ಜೊತೆಗೆ ಪ್ರತಿ ಪಾತ್ರೆಯ ಫೋಟೋ ಹಾಕಿ. ಟೆಂಪೋ ತುಂಬುವವರು ಓದುತ್ತಾ ನಿಲ್ಲುವುದಿಲ್ಲ, ಚಿತ್ರ ನೋಡಿ ಒತ್ತುತ್ತಾರೆ.

ಬಾಕಿ ಇರುವವರಿಗೆ ನೆನಪಿಸಲು ಎಸ್‌ಎಂಎಸ್ ಬೇಡ. ಕನ್ನಡದಲ್ಲಿ ಒಂದು ಎಸ್‌ಎಂಎಸ್‌ಗೆ 70 ಅಕ್ಷರ ಮಾತ್ರ, ಅದರಲ್ಲಿ ಕಾಗುಣಿತ, ಒತ್ತು ಎಲ್ಲ ಬೇರೆಬೇರೆಯಾಗಿ ಎಣಿಕೆಯಾಗುತ್ತವೆ. ಮೇಲಿಂದ ಡಿಎಲ್‌ಟಿ ನೋಂದಣಿ, ಅಂದರೆ ವ್ಯಾಪಾರದ ಎಸ್‌ಎಂಎಸ್ ಕಳಿಸುವವರು ಟೆಲಿಕಾಂ ಕಂಪನಿಯಲ್ಲಿ ಮಾಡಿಸಬೇಕಾದ ನೋಂದಣಿ. ವಾಟ್ಸ್ಆ್ಯಪ್‌ನ ಕ್ಲಿಕ್ ಟು ಚಾಟ್ ಲಿಂಕ್ ಸಾಕು. "3 ಸೌಟು, 1 ಬಕೆಟ್ ಬಾಕಿ ಇದೆ" ಅಂತ ಬರೆದೇ ತೆರೆಯುತ್ತದೆ, ಯಜಮಾನರು ಕಳಿಸು ಅಂತ ಒತ್ತಿದರೆ ಆಯಿತು.

ಹಣದ ವಿಷಯ. 15,000 ಕಡಿಮೆ. ಕೆಲಸವನ್ನು ದಿನದ ಲೆಕ್ಕಕ್ಕೆ ತನ್ನಿ. ನನ್ನ ಅಂದಾಜಿನಲ್ಲಿ ಇದು ಹನ್ನೆರಡು ದಿನದ ಕೆಲಸ. ನಿಮ್ಮ ದಿನಕ್ಕೆ ಎಷ್ಟು ಅಂತ ನೀವೇ ಗಟ್ಟಿ ಮಾಡಿಕೊಳ್ಳಿ. ಅರ್ಧ ಮುಂಗಡ ತೆಗೆದುಕೊಳ್ಳದೆ ಶುರು ಮಾಡಬೇಡಿ. ಡೊಮೇನ್ ಅವರ ಹೆಸರಿನಲ್ಲೇ ಇರಲಿ. ಸರ್ವರ್ ಖರ್ಚು ಮತ್ತು ನೋಡಿಕೊಳ್ಳುವ ಕೆಲಸಕ್ಕೆ ವರ್ಷಕ್ಕೆ ಇಷ್ಟು ಅಂತ ಈಗಲೇ ಬರೆದುಕೊಡಿ. ಒಬ್ಬ ಗಿರಾಕಿಗೆ ಎರಡು ವರ್ಷ "ಒಂದು ಸಣ್ಣ ಬದಲಾವಣೆ ಅಷ್ಟೇ" ಅಂತ ಪುಕ್ಕಟೆ ಮಾಡಿಕೊಟ್ಟೆ. ಕೊನೆಗೆ ದುಡ್ಡು ಕೇಳಿದ ದಿನ ಅವರು ಬೇಜಾರಾದರು, ನನಗೂ ಬೇಜಾರಾಯಿತು. ಮೊದಲೇ ಹೇಳಿದ್ದರೆ ಇಬ್ಬರೂ ಚೆನ್ನಾಗಿರುತ್ತಿದ್ದೆವು.

ಕೋಡ್ ಬರೆಯುವ ಮುಂಚೆ ಒಂದು ದಿನ ಆ ಅಂಗಡಿಯಲ್ಲಿ ಕೂತು ಬನ್ನಿ.

ತುಂಗಾ ತೀರ:

ಮೇಡಂ ಹೇಳಿದ್ದು ಒಪ್ಪುತ್ತೇನೆ. ಎರಡು ಕಡೆ ಎಚ್ಚರ ಇರಲಿ. ಯಜಮಾನರು ನಾಳೆ ಕೈಯಲ್ಲಿ ಹಿಡಿಯುವ ಸಣ್ಣ ಬಿಲ್ ಪ್ರಿಂಟರ್ ಬೇಕು ಅಂದರೆ, ವೆಬ್ ಪುಟದಿಂದ ಸಾಧನ ಜೋಡಿಸುವ "ವೆಬ್ ಬ್ಲೂಟೂತ್", ಕಡಿಮೆ ವಿದ್ಯುತ್ತಿನ ಹೊಸ ಬಗೆಯ (ಲೋ ಎನರ್ಜಿ) ಬ್ಲೂಟೂತ್ ಸಾಧನಗಳ ಜೊತೆ ಮಾತ್ರ ಕೆಲಸ ಮಾಡುತ್ತದೆ. ಅಂಗಡಿಗಳಲ್ಲಿರುವ ಎಷ್ಟೋ ಪ್ರಿಂಟರುಗಳು ಹಳೇ ಬ್ಲೂಟೂತಿನವು. ಅಂಥ ಕೆಲಸ ಇದ್ದರೆ ನೇಟಿವ್ (ಫೋನಿಗೆಂದೇ ಬರೆದ) ಆ್ಯಪೇ ಸರಿ. ಇನ್ನು ಮನೆಯಲ್ಲಿ ಯಾರದ್ದಾದರೂ ಐಫೋನ್ ಇದೆಯಾ ಕೇಳಿ. ಅದರ ಬ್ರೌಸರ್ ಸಫಾರಿಯಲ್ಲಿ ಹಾಗೇ ಬಳಸಿದರೆ, ಸಫಾರಿ ಬಳಸಿದ 7 ದಿನಗಳಲ್ಲಿ ಆ ಸೈಟನ್ನು ಮುಟ್ಟದಿದ್ದಾಗ ಉಳಿಸಿಟ್ಟ ಮಾಹಿತಿ ಅಳಿಸಿಹೋಗುತ್ತದೆ. ಶೇರ್ ಬಟನ್ ಒತ್ತಿ ಹೋಮ್ ಸ್ಕ್ರೀನಿಗೆ ಸೇರಿಸಿದರೆ ಆ ತೊಂದರೆ ಇಲ್ಲ. ನೀವೇ ಹೋಗಿ ಸೇರಿಸಿಕೊಟ್ಟು ಬನ್ನಿ.

ಸಾಗರದವ:

ಇಬ್ಬರಿಗೂ ತುಂಬ ಥ್ಯಾಂಕ್ಸ್. ಅಕ್ಕಾ, ನೀವು ಹೇಳಿದ ಹಾಗೆ ಮೊನ್ನೆ ಶನಿವಾರ ಬೆಳಿಗ್ಗೆಯಿಂದ ರಾತ್ರಿವರೆಗೆ ಅಂಗಡಿಯಲ್ಲೇ ಇದ್ದೆ. ಪ್ರಿಂಟರ್ ಬೇಡವಂತೆ. ಪ್ಲೇ ಸ್ಟೋರ್ ಯಾಕೆ ಅಂದರೆ "ಹುಡುಗರ ಫೋನಿಗೆ ಹಾಕೋಕೆ" ಅಂದರು. ನನ್ನ ಫೋನಿನಲ್ಲಿ ಒಂದು ವೆಬ್ ಆ್ಯಪ್ ಐಕಾನ್ ತೋರಿಸಿದೆ. "ಇದೇ ಅಲ್ವಾ ನಾನು ಹೇಳಿದ್ದು" ಅಂದರು! ನನ್ನ ದಿನದ ಲೆಕ್ಕ ಹೇಳಿದೆ. 28,000ಕ್ಕೆ ಒಪ್ಪಿದರು, ವರ್ಷಕ್ಕೆ 6,000 ಬೇರೆ. ಅರ್ಧ ಮುಂಗಡ ಅಲ್ಲೇ ಕೊಟ್ಟರು.

ಆದರೆ ಅಲ್ಲಿ ಕೂತಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಸೀಸನ್ನಿನಲ್ಲಿ ಸಾಮಾನು ಗೋದಾಮಿಗೆ ಬರುವುದೇ ಇಲ್ಲ. ಒಂದು ಮದುವೆ ಮನೆಯಿಂದ ಟೆಂಪೋ ನೇರ ಇನ್ನೊಂದು ಮನೆಗೆ ಹೋಗುತ್ತದೆ. ಎಣಿಕೆ ತಪ್ಪುವುದು ಅಲ್ಲೇ ಅಂತ ಕಾಣುತ್ತದೆ. ನೋಟ್‌ಬುಕ್ಕಿನಲ್ಲಿ ಅದಕ್ಕೆ ಜಾಗವೇ ಇಲ್ಲ. ಇದನ್ನು ಹೇಗೆ ಬರೆಯಲಿ?

ಬೆಣ್ಣೆದೋಸೆ ಊರಿನವಳು:

ಎಷ್ಟು ಒಳ್ಳೆಯ ವಿಷಯ ಹಿಡಿದಿದ್ದೀರಿ! "ಮುಂದಿನ ಮನೆಗೆ" ಅಂತ ಮೂರನೇ ಬಟನ್ ಇಡಿ. ಅದನ್ನು ಒತ್ತಿದಾಗ ಒಟ್ಟಿಗೇ ಎರಡು ಸಾಲು ಬರೆಯಿರಿ: ಮೊದಲ ಮನೆಯಿಂದ ಬಂತು, ಎರಡನೇ ಮನೆಗೆ ಹೋಯಿತು. ಎರಡರಲ್ಲೂ ಸಾಮಾನಿನ ಎಣಿಕೆ ಒಂದೇ ಇರಲಿ. ಎಣಿಸಬೇಕಾದ್ದು ಮೊದಲ ಮನೆಯ ಬಾಗಿಲಲ್ಲಿ, ಟೆಂಪೋಗೆ ಏರಿಸುವ ಮುಂಚೆ. ಆ ಮನೆಗೆ ಎಷ್ಟು ಹೋಗಿತ್ತು ಅನ್ನುವುದನ್ನು ಪರದೆಯ ಮೇಲೆ ದಪ್ಪ ಅಕ್ಷರದಲ್ಲಿ ತೋರಿಸಿ. ಕಡಿಮೆ ಇದ್ದರೆ ಅಡುಗೆ ಭಟ್ಟರು ಅಲ್ಲೇ ಇರುತ್ತಾರೆ, ಆಗಲೇ ಹುಡುಕಿಸಬಹುದು. ಮುರಿದದ್ದು, ತೂತಾದದ್ದು ಬರೆಯಲು ಬೇರೆ ಸಾಲು ಇರಲಿ, ಅದನ್ನು ಬಾಕಿ ಜೊತೆ ಸೇರಿಸಬೇಡಿ.