ಹಿಂದಕ್ಕೆ ಮುಖ ಮಾಡುವ ಹೊಸ ಕಾರ್‌ಸೀಟು: ಮಗಳು ಕಾಲು ಮಡಚಿ ಕೂರ್ತಾಳೆ, ಇಟ್ಟುಕೊಳ್ಳಲೋ ವಾಪಸ್ ಕೊಡಲೋ?

ಪುಟ್ಟಿಯ ಅಮ್ಮ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಜಾರು ಮಾಡ್ಕೋಬೇಡಿ.

ಮಗಳಿಗೆ 19 ತಿಂಗಳು. ತೂಕ 11 ಕಿಲೋ, ಎತ್ತರ 82 ಸೆಂಟಿಮೀಟರ್. ಹುಟ್ಟಿದಾಗಿನಿಂದ ಇದ್ದ ಬುಟ್ಟಿಯಂಥ ಸೀಟಿನಲ್ಲಿ ಈಗ ನೆತ್ತಿ ಮೇಲಂಚಿಗೆ ಬಂದುಬಿಟ್ಟಿದೆ. ಹಾಗಾಗಿ ಒಂದು ಕನ್ವರ್ಟಿಬಲ್ ಸೀಟು ತರಿಸಿದೆವು. 105 ಸೆಂಟಿಮೀಟರ್ ಆಗುವವರೆಗೆ ಹಿಂದಕ್ಕೆ ಮುಖ ಮಾಡಿ ಕೂರಿಸಬಹುದು, ಬೇಕಿದ್ದರೆ ಆಮೇಲೆ ಮುಂದಕ್ಕೆ ತಿರುಗಿಸಬಹುದು ಅಂತ ಬರೆದಿದೆ. ಆರ್129 (ಮಕ್ಕಳ ಕಾರ್‌ಸೀಟಿನ ಸುರಕ್ಷತಾ ನಿಯಮ) ಎಂದು ಅಚ್ಚಾದ ಕಿತ್ತಳೆ ಬಣ್ಣದ ಲೇಬಲ್ ಇದೆ. ಬೆಲ್ಟಿನ ಬದಲು ಕಾರಿನ ಕೊಕ್ಕೆಗೇ ಸಿಕ್ಕಿಸುವ ಐಸೋಫಿಕ್ಸ್, ಕೆಳಗೆ ಕಾರಿನ ನೆಲಕ್ಕೆ ಊರುವ ಒಂದು ಸಪೋರ್ಟ್ ಲೆಗ್. ವಾಪಸ್ ಕೊಡಲು ಇನ್ನು ಒಂಬತ್ತು ದಿನ ಬಾಕಿ.

ಮೂರು ದಿನದಿಂದ ಹಾಕುವುದು, ತೆಗೆಯುವುದು, ಮತ್ತೆ ಹಾಕುವುದು ಇದೇ ಆಗಿದೆ. ಐಸೋಫಿಕ್ಸ್ ಕೊಕ್ಕೆ ಸೀಟಿನ ಸಂದಿಯೊಳಗೆ ಎಲ್ಲೋ ಅಡಗಿದೆ. ಫೋನಿನ ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಹುಡುಕಿದೆ. ಕೊನೆಗೆ ಎರಡೂ ಕಡೆ ಹಸಿರು ಬಂತು, ಖುಷಿಯಾಯಿತು. ಆಮೇಲೆ ಮಗಳನ್ನು ಕೂರಿಸಿದರೆ ಕಾಲು ನೀಡಲು ಜಾಗವೇ ಇಲ್ಲ. ಹಿಂದಿನ ಸೀಟಿನ ಬೆನ್ನಿಗೆ ಪಾದ ಒತ್ತಿಕೊಂಡು ಮಡಚಿ ಕೂರುತ್ತಾಳೆ. ನಮ್ಮ ಅತ್ತೆ ನೋಡಿ, "ಪಾಪ, ಮಗೂನ ಕಪ್ಪೆ ಥರ ಮಡಚಿ ಇಟ್ಟಿದ್ದೀರಲ್ಲ" ಅಂದರು. ಅಂದಿನಿಂದ ನನಗೂ ಕಪ್ಪೆಯೇ ಕಾಣುತ್ತಿದೆ.

ಇನ್ನೂ ಇದೆ. ಸೀಟಿನ ತಲೆಯ ಭಾಗ ಹಿಡಿದು ಅಲ್ಲಾಡಿಸಿದರೆ ಚೆನ್ನಾಗಿಯೇ ಅಲ್ಲಾಡುತ್ತದೆ. ಬೆಳಿಗ್ಗೆ ಹಾಕಿದಾಗ ಓರೆ ತೋರಿಸುವ ಗುಳ್ಳೆ ಸರಿಯಾದ ಗೆರೆಯಲ್ಲಿತ್ತು, ಸಂಜೆ ಮನೆಗೆ ಬಂದು ನೋಡಿದರೆ ಗೆರೆ ದಾಟಿದೆ. ಸೀಟು ಡ್ರೈವರ್ ಹಿಂದೆ ಇದೆ. ನಮ್ಮವರು ಆರಡಿ ಒಂದಿಂಚು, ಅವರ ಮಂಡಿ ಸ್ಟೀರಿಂಗಿಗೆ ತಾಗುತ್ತದೆ.

ಬಳಸಿ ಗೊತ್ತಿರುವವರು ಹೇಳಿ. ಇದು ಸೀಟಿನ ತಪ್ಪೋ, ನನ್ನ ತಪ್ಪೋ?

ಹಳೇ ಗೇರ್:

ಇಷ್ಟೆಲ್ಲ ಯಾಕೆ ತಲೆ ಕೆಡಿಸ್ಕೋತೀರಾ. ನಮ್ಮವನನ್ನು ವರ್ಷ ತುಂಬಿದ ದಿನವೇ ಮುಂದಕ್ಕೆ ತಿರುಗಿಸಿದೆವು. ಈಗ ಅವನು ಆರನೇ ಕ್ಲಾಸು, ಏನೂ ಆಗಿಲ್ಲ. ಹಿಂದಕ್ಕೇ ಇರಬೇಕು ಅಂತಿದ್ದರೆ ಡ್ರೈವರ್ ಪಕ್ಕದ ಸೀಟಿನಲ್ಲಿ ಹಾಕಿ, ಮುಖವಾದರೂ ಕಾಣುತ್ತೆ.

ಮೂರು ಮಕ್ಕಳ ಅಪ್ಪ:

ಮೇಡಂ, ಮೊದಲು ಮೇಲಿನ ಸಲಹೆಗೆ ಬರುತ್ತೇನೆ. ಡ್ರೈವರ್ ಪಕ್ಕದಲ್ಲಿ ಏರ್‌ಬ್ಯಾಗ್ ಚಾಲೂ ಇದ್ದರೆ ಹಿಂದಕ್ಕೆ ಮುಖ ಮಾಡಿದ ಸೀಟು ಬೇಡವೇ ಬೇಡ. ಏರ್‌ಬ್ಯಾಗ್ ಸಿಡಿದರೆ ಹೊಡೆಯುವುದು ಸೀಟಿನ ಬೆನ್ನಿಗೆ, ಅಂದರೆ ಮಗುವಿನ ತಲೆಯ ಹಿಂದಕ್ಕೇ. ಸರ್, ನಿಮ್ಮ ಮಗನಿಗೆ ಏನೂ ಆಗಲಿಲ್ಲ ಅಂದರೆ ಆ ವರ್ಷಗಳಲ್ಲಿ ನಿಮ್ಮ ಕಾರು ಎಲ್ಲೂ ಗುದ್ದಲಿಲ್ಲ ಅಂತ ಅರ್ಥ. ಸಂತೋಷವೇ. ಸೀಟು ಹೇಗಿತ್ತು ಅನ್ನುವುದು ಅದರಿಂದ ಗೊತ್ತಾಗುವುದಿಲ್ಲ.

ನಾನು ಎಂಜಿನಿಯರ್ ಅಲ್ಲ. ಮೂರು ಮಕ್ಕಳು, ಎಂಟು ವರ್ಷ, ನಾಲ್ಕು ಕಾರ್‌ಸೀಟು, ಅಷ್ಟೇ ನನ್ನ ಅರ್ಹತೆ. ಮೊದಲ ಮಗಳನ್ನು ಹನ್ನೊಂದು ತಿಂಗಳು ತಪ್ಪಾಗಿ ಕಟ್ಟಿಕೊಂಡು ಓಡಾಡಿದೆ. ಹೆಗಲ ಪಟ್ಟಿ ಮೇಲಿನ ತೂತಿನಲ್ಲಿತ್ತು, ನಾನು ನೋಡಿರಲೇ ಇಲ್ಲ. ಅವತ್ತಿನಿಂದ ಕೈಪಿಡಿ ಓದುವ ಚಟ ಹತ್ತಿದೆ.

ಕಾಲಿನ ಚಿಂತೆ ಬಿಡಿ. ನೆಲದ ಮೇಲೆ ಆಡುವಾಗ ನಿಮ್ಮ ಮಗಳು ಹೇಗೆ ಕೂರುತ್ತಾಳೆ ಒಮ್ಮೆ ನೋಡಿ. ಹಾಗೆ ನಾವು ಐದು ನಿಮಿಷ ಕೂತರೆ ಎದ್ದೇಳಲು ಇನ್ನೊಬ್ಬರು ಕೈ ಕೊಡಬೇಕು. ಅವರ ಸೊಂಟ ಬೇರೆ, ನಮ್ಮದು ಬೇರೆ. ಅಪಘಾತದಲ್ಲಿ ಹಿಂದಕ್ಕೆ ಮುಖ ಮಾಡಿ ಕೂತ ಮಕ್ಕಳಿಗೆ ಕಾಲಿಗೆ ಪೆಟ್ಟಾಗುವುದು ಅಪರೂಪ. ಮುಂದಕ್ಕೆ ಕೂತಾಗಲೇ ಕಾಲು ಎಗರಿ ಎದುರಿನ ಸೀಟಿಗೆ ಬಡಿಯುವುದು.

ಅಳೆಯಬೇಕಾದದ್ದು ಕಾಲನ್ನಲ್ಲ, ಸೊಂಟದಿಂದ ಮೇಲಿನದ್ದನ್ನು. ಹುಟ್ಟಿದ ಮಗುವಿನ ಉದ್ದದಲ್ಲಿ ಸುಮಾರು ಕಾಲುಭಾಗ ತಲೆಯೇ ಇರುತ್ತದೆ. ನಮ್ಮಲ್ಲಿ ಅದು ಎಂಟನೇ ಒಂದು ಭಾಗದ ಹತ್ತಿರ. ನಿಮ್ಮ ಮಗಳ ವಯಸ್ಸಿನಲ್ಲೂ ತಲೆ ದೊಡ್ಡದೇ, ಕುತ್ತಿಗೆಯ ಮೂಳೆಗಳು ಇನ್ನೂ ಪೂರ್ತಿ ಗಟ್ಟಿಯಾಗಿ ಕೂಡಿರುವುದಿಲ್ಲ. ಮುಂದಕ್ಕೆ ಕೂತ ಮಗುವಿನ ಕಾರು ಎದುರಿಗೆ ಗುದ್ದಿದರೆ ಪಟ್ಟಿ ಮೈಯನ್ನು ಹಿಡಿಯುತ್ತದೆ, ತಲೆಯನ್ನು ಹಿಡಿಯುವುದು ಕುತ್ತಿಗೆ ಒಂದೇ. ಹಿಂದಕ್ಕೆ ಕೂತರೆ ತಲೆ, ಕುತ್ತಿಗೆ, ಬೆನ್ನು ಮೂರೂ ಒಟ್ಟಿಗೆ ಸೀಟಿಗೆ ಒತ್ತಿಕೊಳ್ಳುತ್ತವೆ. 1960ರ ದಶಕದಲ್ಲಿ ಸ್ವೀಡನ್ನಿನ ಬರ್ಟಿಲ್ ಆಲ್ಡ್‌ಮನ್ ಎಂಬ ವೈದ್ಯರಿಗೆ ಇದು ಹೊಳೆದದ್ದು ಅಮೆರಿಕದ ಜೆಮಿನಿ ಗಗನನೌಕೆಯ ಯಾತ್ರಿಗಳ ಸೀಟು ನೋಡಿ. ರಾಕೆಟ್ ಏರುವಾಗಿನ ಒತ್ತಡವನ್ನು ಅವರು ಇಡೀ ಬೆನ್ನಿನ ಮೇಲೆ ತೆಗೆದುಕೊಳ್ಳುತ್ತಾರಲ್ಲ, ಅದೇ ಲೆಕ್ಕ. ಸ್ವೀಡನ್ನಿನಲ್ಲಿ ನಾಲ್ಕು ವರ್ಷದ ಮಕ್ಕಳೂ ಹಿಂದಕ್ಕೇ ಕೂರುವುದು ಮಾಮೂಲು. ಆರ್129 ನಿಯಮವೂ 15 ತಿಂಗಳು ದಾಟುವ ತನಕ ಮುಂದಕ್ಕೆ ತಿರುಗಿಸಲು ಬಿಡುವುದಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2018ರಲ್ಲಿ ವಯಸ್ಸಿನ ಮಾತನ್ನೇ ಬಿಟ್ಟು, ಸೀಟಿನ ಎತ್ತರ ಅಥವಾ ತೂಕದ ಮಿತಿ ಮುಟ್ಟುವವರೆಗೆ ಹಿಂದಕ್ಕೇ ಇರಲಿ ಎಂದಿತು.

ಈಗ ನಿಮ್ಮ ಸೀಟು. ತಲೆಯ ಭಾಗ ಹಿಡಿದು ಅಲ್ಲಾಡಿಸಬೇಡಿ. ಹಿಂದಕ್ಕೆ ಮುಖ ಮಾಡಿದ ಸೀಟಿನ ಆ ತುದಿ ಅಲ್ಲಾಡಿಯೇ ಅಲ್ಲಾಡುತ್ತದೆ, ಅದನ್ನು ಹಿಡಿದಿಡುವುದು ಅಲ್ಲಿ ಏನೂ ಇಲ್ಲ. ಕೆಳಗೆ, ಐಸೋಫಿಕ್ಸ್ ಕಾರಿಗೆ ಸೇರುವ ಜಾಗದ ಹತ್ತಿರ ಹಿಡಿಯಿರಿ. ಒಂದೇ ಕೈ, ಕೈಕುಲುಕುವಷ್ಟು ಬಲ ಸಾಕು. ಅಲ್ಲಿ ಒಂದಿಂಚು, ಅಂದರೆ ಎರಡೂವರೆ ಸೆಂಟಿಮೀಟರಿಗಿಂತ ಜಾಸ್ತಿ ಸರಿದರೆ ಮಾತ್ರ ಚಿಂತೆ.

ಗುಳ್ಳೆಯ ಕಥೆಗೆ ಒಂದು ಪ್ರಶ್ನೆ: ಸಂಜೆ ಕಾರು ನಿಲ್ಲಿಸುವ ಜಾಗ ಇಳಿಜಾರಾ? ಗುಳ್ಳೆ ನೋಡಬೇಕಾದದ್ದು ಸಮತಟ್ಟು ನೆಲದಲ್ಲಿ ಮಾತ್ರ. ನಾನು ಇದರ ಹಿಂದೆ ಒಂದು ಇಡೀ ಭಾನುವಾರ ಕಳೆದಿದ್ದೇನೆ.

ಸಪೋರ್ಟ್ ಲೆಗ್ ಇದೆ ಅಂದಿರಲ್ಲ. ಅದು ನಿಂತಿರುವ ಜಾಗದ ಮ್ಯಾಟ್ ಎತ್ತಿ ನೋಡಿ. ಕೆಲವು ಕಾರುಗಳಲ್ಲಿ ಕಾಲಿಡುವಲ್ಲಿ ಸಾಮಾನು ಇಡುವ ಗುಂಡಿ, ಅದಕ್ಕೊಂದು ಮುಚ್ಚಳ ಇರುತ್ತದೆ. ಗುದ್ದಿದಾಗ ಬಹಳಷ್ಟು ಭಾರ ಆ ಲೆಗ್ ಮೇಲೆ ಬೀಳುತ್ತದೆ, ಮುಚ್ಚಳ ತಡೆಯಲಾರದು. ಕಾರಿನ ಕೈಪಿಡಿ, ಸೀಟಿನ ಕೈಪಿಡಿ ಎರಡೂ ಓದಲೇಬೇಕು, ಒಂದು ಸಾಲದು.

ನಿಮ್ಮವರ ಮಂಡಿಗೆ ಎರಡು ದಾರಿ. ಸೀಟನ್ನು ಪಕ್ಕದವರ ಹಿಂದಕ್ಕೆ ಸರಿಸಿ. ಇಲ್ಲವೇ ಸೀಟನ್ನೇ ಇನ್ನಷ್ಟು ನೆಟ್ಟಗೆ ಮಾಡಿ. ಹೆಚ್ಚು ಓರೆ ಬೇಕಾಗುವುದು ಎಳೆ ಮಗುವಿಗೆ, ತಲೆ ಮುಂದಕ್ಕೆ ಬಿದ್ದು ಉಸಿರು ಕಟ್ಟಬಾರದು ಅಂತ. 19 ತಿಂಗಳ ಮಗು ತಾನೇ ನೆಟ್ಟಗೆ ಕೂರುತ್ತದೆ. ಕೈಪಿಡಿ ಒಪ್ಪಿದರೆ ಸೀಟಿನ ಓರೆಯನ್ನು ಎರಡು ಹಂತ ನೆಟ್ಟಗೆ ಮಾಡಿ. ಮುಂದಿನ ಸೀಟಿಗೆ ಇದು ತಾಗಬಹುದೋ ಬೇಡವೋ ಎನ್ನುವುದೂ ಒಂದೊಂದು ಸೀಟಿಗೆ ಒಂದೊಂದು ಥರ, ಅದನ್ನೂ ಅಲ್ಲೇ ನೋಡಿ.

ಕೊನೆಗೆ ಮಗಳನ್ನು ಕೂರಿಸಿ. ಹೆಗಲ ಪಟ್ಟಿ ಹೊರಡುವ ಜಾಗ ಭುಜದ ಮಟ್ಟದಲ್ಲಿ ಅಥವಾ ಚೂರು ಕೆಳಗೆ ಇರಬೇಕು, ಮೇಲಲ್ಲ. ಗುದ್ದಿದಾಗ ಮಗು ಸೀಟಿನ ಬೆನ್ನ ಮೇಲೆ ಮೇಲಕ್ಕೆ ಜಾರಲು ನೋಡುತ್ತದೆ, ಅದನ್ನು ತಡೆಯುವುದು ಆ ಪಟ್ಟಿ. ಭುಜದ ಹತ್ತಿರ ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಿ. ಮಡಿಕೆ ಸಿಕ್ಕರೆ ಸಡಿಲ. ಬೆರಳು ಜಾರಿದರೆ ಸರಿ. ದಪ್ಪ ಜಾಕೆಟ್ ಹಾಕಿ ಕಟ್ಟಿದರೆ ಈ ಪರೀಕ್ಷೆ ಸುಳ್ಳು ಹೇಳುತ್ತದೆ. ಜಾಕೆಟ್ ಬಿಚ್ಚಿ ಕಟ್ಟಿ, ಆಮೇಲೆ ಮೇಲೆ ಹೊದಿಸಿ.

ಮತ್ತೆ ಸೀಟಿನ ತೂಕ ಎಷ್ಟು? ಇದನ್ನು ಯಾರೂ ಕೇಳುವುದಿಲ್ಲ. ಆರ್129ರಲ್ಲಿ ಐಸೋಫಿಕ್ಸ್ ಮೇಲೆ ಸೀಟು, ಮಗು ಎರಡೂ ಸೇರಿ 33 ಕಿಲೋ ದಾಟಬಾರದು. ಸೀಟೇ 14 ಕಿಲೋ ಇದ್ದರೆ ಮಗುವಿನ ಪಾಲಿಗೆ ಉಳಿಯುವುದು 19.

ಎರಡು ಜಡೆ:

ಅಕ್ಕ, ಮೇಲಿನವರು ಎಲ್ಲ ಹೇಳಿದ್ದಾರೆ. ನನ್ನದು ಎರಡೇ ಮಾತು. ನಮ್ಮದು ಅತ್ತಿತ್ತ ತಿರುಗುವ ಸೀಟು. ಬಾಗಿಲ ಕಡೆ ತಿರುಗಿಸಿ ಕೂರಿಸುವುದು ಸೊಂಟಕ್ಕೆ ಹಿತ ನಿಜ, ಆದರೆ ಒಂದು ಸಲ ಪೂರ್ತಿ ತಿರುಗಿಸದೆ ಹೊರಟುಬಿಟ್ಟಿದ್ದೆ. ಈಗ ಕ್ಲಿಕ್ ಕೇಳಿದ ಮೇಲೂ ಒಮ್ಮೆ ಎಳೆದು ನೋಡುತ್ತೇನೆ. ಇನ್ನೊಂದು, ಈ ವಯಸ್ಸಿನಲ್ಲಿ ಬಿಲ್ಲಿನ ಥರ ಬೆನ್ನು ಬಾಗಿಸಿ ಕಿರುಚಿದರೆ "ಹಿಂದಕ್ಕೆ ಕೂತಿದ್ದಕ್ಕೆ ಅಳುತ್ತಾಳೆ" ಅಂತ ಮನೆಯವರೆಲ್ಲ ಶುರು ಮಾಡ್ತಾರೆ. ನಮ್ಮವಳು ಅಳುತ್ತಿದ್ದದ್ದು ಹಿಂದಕ್ಕೆ ಕೂತಿದ್ದಕ್ಕಲ್ಲ, ಕೂತಿದ್ದಕ್ಕೆ. ಎರಡು ವಾರದಲ್ಲಿ ನಿಂತಿತು.

ಹಳೇ ಗೇರ್:

ಏರ್‌ಬ್ಯಾಗ್ ವಿಷಯ ನನ್ನ ತಲೆಗೆ ಬಂದಿರಲಿಲ್ಲ. ಮೇಡಂ, ಮುಂದಿನ ಸೀಟಿನ ಮಾತು ಬಿಟ್ಟುಬಿಡಿ. ಒಂದು ಅನುಮಾನ ಮಾತ್ರ ಉಳಿದಿದೆ. ಹಿಂದಿನಿಂದ ಯಾರಾದರೂ ಬಂದು ಗುದ್ದಿದರೆ? ಆಗ ಈ ಮಗುವೇ ಮುಂದಕ್ಕೆ ಕೂತ ಹಾಗಾಯಿತಲ್ವಾ?

ಮೂರು ಮಕ್ಕಳ ಅಪ್ಪ:

ಒಳ್ಳೆ ಪ್ರಶ್ನೆ ಸರ್. ಹಿಂದಿನಿಂದ ಗುದ್ದಿದಾಗ ಸಾಮಾನ್ಯವಾಗಿ ಎರಡು ವಾಹನವೂ ಒಂದೇ ದಿಕ್ಕಿಗೆ ಹೋಗುತ್ತಿರುತ್ತವೆ, ಅಥವಾ ನಾವು ನಿಂತಿರುತ್ತೇವೆ. ಜೋರು ಕಡಿಮೆ. ಆರ್129 ಪರೀಕ್ಷೆಯಲ್ಲೂ ಎದುರು ಗುದ್ದಿಸುವುದು ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ, ಹಿಂದಿನಿಂದ 30ರಲ್ಲಿ. ಅದರ ಜೊತೆಗೆ ಬದಿಯಿಂದಲೂ ಗುದ್ದಿಸಿ ನೋಡುತ್ತಾರೆ. ಮೊದಲಿನ ಆರ್44ರಲ್ಲಿ ಬದಿಯ ಪರೀಕ್ಷೆ ಇರಲಿಲ್ಲ.

ಪುಟ್ಟಿಯ ಅಮ್ಮ:

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಅರ್ಧ ದಿನ ಇದೇ ಕೆಲಸ.

ಮ್ಯಾಟ್ ಎತ್ತಿದೆ. ಮುಚ್ಚಳ ಇದೆ! ಕಾರು ತೆಗೆದುಕೊಂಡು ಮೂರು ವರ್ಷ, ಅಲ್ಲೊಂದು ಗುಂಡಿ ಇದೆ ಅಂತಲೇ ಗೊತ್ತಿರಲಿಲ್ಲ. ಒಳಗೆ ಹಿಂದಿನ ಮಾಲೀಕರ ಒಂದು ಕೊಡೆ ಇತ್ತು. ನಮ್ಮ ಕಾರಿನಲ್ಲಿ ಇದು ಡ್ರೈವರ್ ಹಿಂದೆ ಮಾತ್ರ ಇದೆ. ಮುಚ್ಚಳದ ಮೇಲೆ ಸಪೋರ್ಟ್ ಲೆಗ್ ಇಡಬೇಡಿ ಅಂತ ಕಾರಿನ ಕೈಪಿಡಿಯಲ್ಲಿ ಚಿತ್ರ ಹಾಕಿಯೇ ಬರೆದಿದ್ದಾರೆ. ಸೀಟನ್ನು ಪಕ್ಕದವರ ಹಿಂದಕ್ಕೆ ಸರಿಸಿದೆ. ನಮ್ಮವರ ಮಂಡಿಯ ಸಮಸ್ಯೆಯೂ ಅಲ್ಲಿಗೆ ಮುಗಿಯಿತು. ಈಗ ಪಕ್ಕದಲ್ಲಿ ಕೂರುವ ನನಗೆ ಸ್ವಲ್ಪ ಇಕ್ಕಟ್ಟು. ನಾನು ಕುಳ್ಳಿ, ನಡೆಯುತ್ತೆ.

ಇಳಿಜಾರು ಹೌದು. ನಾಚಿಕೆಯಾಯಿತು. ಸಮತಟ್ಟು ಜಾಗಕ್ಕೆ ಕಾರು ತಂದರೆ ಗುಳ್ಳೆ ಗೆರೆಯಲ್ಲೇ ಕೂತಿತ್ತು. ಕೆಳಗೆ ಹಿಡಿದು ಅಲ್ಲಾಡಿಸಿದರೆ ಒಂದು ಸೆಂಟಿಮೀಟರೂ ಸರಿಯಲಿಲ್ಲ. ಸೀಟಿನ ತೂಕ 12 ಕಿಲೋ 800 ಗ್ರಾಂ, ಅಂದರೆ ಅವಳಿಗೆ ಇನ್ನೂ 20 ಕಿಲೋವರೆಗೆ ಜಾಗ.

ನಿಜವಾದ ತಪ್ಪು ಸಿಕ್ಕಿದ್ದು ಬೇರೆ ಕಡೆ. ಹೆಗಲ ಪಟ್ಟಿ ಅವಳ ಭುಜಕ್ಕಿಂತ ಮೂರು ಬೆರಳು ಮೇಲಿತ್ತು. ಡಬ್ಬದಿಂದ ತೆಗೆದಾಗ ಹೆಡ್‌ರೆಸ್ಟ್ ಯಾವ ಎತ್ತರದಲ್ಲಿತ್ತೋ ಹಾಗೇ ಬಿಟ್ಟಿದ್ದೆ. ಮೂರು ದಿನ ಕಾಲನ್ನೇ ನೋಡುತ್ತಾ ಕೂತಿದ್ದೆ ನೋಡಿ. ಇಳಿಸಿ, ಬಿಗಿ ಮಾಡಿ, ಚಿವುಟಿ ನೋಡಿದೆ. ಬೆರಳು ಜಾರಿತು.

ಸೀಟು ಇಟ್ಟುಕೊಳ್ಳುತ್ತಿದ್ದೇವೆ. ಸಂಜೆ ಒಂದು ಸುತ್ತು ಹೋಗಿ ಬರುವಷ್ಟರಲ್ಲಿ ಕಾಲಿನ ಮೇಲೆ ಕಾಲು ಹಾಕಿಕೊಂಡು ನಿದ್ದೆ ಹೋಗಿದ್ದಳು. ಅತ್ತೆ ಬಗ್ಗಿ ನೋಡಿ, "ಏನು ಸಾಹುಕಾರ್ತಿ ಥರ ಮಲಗಿದ್ದಾಳೆ" ಅಂದರು. ಕಪ್ಪೆಯ ಮಾತು ವಾಪಸ್ ತಗೊಂಡ ಹಾಗೆ ಅಂತ ನಾನು ಅಂದುಕೊಂಡಿದ್ದೇನೆ.

ಇನ್ನೊಂದೇ ಪ್ರಶ್ನೆ. ಮೊದಲ ಸವಾರಿಯಲ್ಲೇ ಪಟ್ಟಿಯ ಮೇಲೆ ಹಾಲು ಚೆಲ್ಲಿದ್ದಾಳೆ. ಬಿಚ್ಚಿ ಮೆಷಿನ್‌ಗೆ ಹಾಕಬಹುದಾ?

ಮೂರು ಮಕ್ಕಳ ಅಪ್ಪ:

ಬಟ್ಟೆಯ ಕವರ್ ಹಾಕಬಹುದು, ಅದರ ಚೀಟಿ ನೋಡಿಕೊಂಡು. ಪಟ್ಟಿಯನ್ನು ಮಾತ್ರ ನೆನೆಸಬೇಡಿ, ಮೆಷಿನ್ ಬೇಡ, ಇಸ್ತ್ರಿ ಬೇಡ. ನಾರು ಸಡಿಲವಾಗುತ್ತದೆ. ಒದ್ದೆ ಬಟ್ಟೆ, ತೆಳು ಸೋಪು, ಒರೆಸಿ ನೆರಳಲ್ಲಿ ಆರಲು ಬಿಡಿ. ವಾಸನೆ ಒಂದು ವಾರ ಇರುತ್ತೆ.